ಇಲಿ ಜ್ವರ: ಕಾಲಲ್ಲಿ ಗಾಯ ಇಲ್ಲದಿದ್ದರೂ ಬರ್ತದಾ?

ಗದ್ದೆಬದಿ (ಬ್ರಹ್ಮಾವರ)
ಏಣೆಲು (ಮಳೆಗಾಲದ ಭತ್ತ) ಬೆಳೆಗೆ ನೇಜಿ ನೆಡುವ ಕೆಲಸ ಶುರುವಾಗಿದೆ. ತಿಳಿದವರು ಹೇಳಿ. ಕಾಲಲ್ಲಿ ಗಾಯವೇ ಇಲ್ಲದಿದ್ದರೂ ಇಲಿ ಜ್ವರದ ರೋಗಾಣು ಒಳಗೆ ಹೋಗ್ತದಾ? ಜ್ವರದ ಮೂರನೇ ದಿನ ರಕ್ತ ಪರೀಕ್ಷೆ ನೆಗೆಟಿವ್ ಬಂದ್ರೆ ಇದು ಇಲಿ ಜ್ವರ ಅಲ್ಲ ಅಂತ ಬಿಡಬಹುದಾ? ವಾರಕ್ಕೊಂದು ಸಲ ಮಾತ್ರೆ ನುಂಗಿದ್ರೆ ಬರುವುದಿಲ್ಲ ಅಂತಾರೆ, ಅದು ಹೌದಾ?

ಸುರುಳಿಜೀವಿ
ಕಣ್ಣಿಗೆ ಕಾಣುವ ಗಾಯ ಬೇಕಂತಿಲ್ಲ. ಗಂಟೆಗಟ್ಟಲೆ ಕೆಸರಲ್ಲಿ ನಿಂತ ಕಾಲಿನ ಚರ್ಮ ನೆನೆದು ಬಿಳಿಚಿ, ಬೆರಳ ಸಂದಿಯಲ್ಲಿ ಬಿರಿಯುತ್ತದೆ. ಇಲಿ ಜ್ವರದ ರೋಗಾಣು ಲೆಪ್ಟೊಸ್ಪೈರಾಕ್ಕೆ ಅಷ್ಟೇ ಸಾಕು. ಅದರ ದಪ್ಪ ಬರೀ 0.1 ಮೈಕ್ರೋಮೀಟರ್, ಉದ್ದ 6ರಿಂದ 20. ಈಜಲು ಬೇಕಾದ ಎಳೆಗಳು ಬಾಲದಂತೆ ಹೊರಗಿಲ್ಲ, ಹೊರಪೊರೆಯ ಅಡಿಯಲ್ಲಿವೆ. ಹಾಗಾಗಿ ಇಡೀ ಮೈಯೇ ತಿರುಪಿನ ಹಾಗೆ ತಿರುಗುತ್ತಾ ಕೊರೆದುಕೊಂಡು ಹೋಗ್ತದೆ. ಕೆಸರು ಕಣ್ಣಿಗೋ ಮೂಗಿಗೋ ಸಿಡಿದರೂ ಅದಕ್ಕೆ ದಾರಿ ಸಿಕ್ಕಿತು.

ಹೊಕ್ಕ ಜಾಗದಲ್ಲಿ ಊತ, ಕೀವು ಏನೂ ಇರುವುದಿಲ್ಲ. ಹಾಗಾಗಿಯೇ ಯಾರಿಗೂ ಅನುಮಾನ ಬರುವುದಿಲ್ಲ. ನೇರ ರಕ್ತಕ್ಕೆ ಸೇರ್ತದೆ. ಬ್ಯಾಕ್ಟೀರಿಯಾ ಬಂದದ್ದನ್ನು ಪತ್ತೆ ಹಚ್ಚುವ ನಮ್ಮ ಜೀವಕೋಶದ ಗ್ರಾಹಕ, ಟಿಎಲ್‌ಆರ್-4, ಇದರ ಹೊರಪೊರೆಯನ್ನು ಸರಿಯಾಗಿ ಗುರುತಿಸುವುದಿಲ್ಲ. ಸಾಲದ್ದಕ್ಕೆ ರಕ್ತದಲ್ಲಿರುವ ಫ್ಯಾಕ್ಟರ್ ಎಚ್ ಎಂಬ ನಮ್ಮದೇ ಪ್ರೋಟೀನನ್ನು ಅದು ಮೈಗೆ ಅಂಟಿಸಿಕೊಳ್ಳುತ್ತದೆ. ಆಗ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳು ಅದನ್ನು ನಮ್ಮದೇ ಜೀವಕೋಶ ಅಂತ ಬಿಟ್ಟುಬಿಡುತ್ತವೆ. ಮುಂದೆ ಸಣ್ಣ ರಕ್ತನಾಳಗಳ ಒಳಪದರ ಹಾಳಾಗಿ ಸೋರಲು ಶುರು. ಮೂತ್ರಪಿಂಡ, ಯಕೃತ್ತು, ಶ್ವಾಸಕೋಶ ಮೂರಕ್ಕೂ ಪೆಟ್ಟು ಬೀಳುವುದು ಹೀಗೆ.

ಸಾಮಾನ್ಯವಾಗಿ 5ರಿಂದ 14 ದಿನಕ್ಕೆ ಜ್ವರ ಕಾಣಿಸ್ತದೆ. 2 ದಿನಕ್ಕೂ ಬರಬಹುದು, 30 ದಿನವೂ ಆಗಬಹುದು. ಡಾಕ್ಟರ ಹತ್ತಿರ ಹೋದಾಗ ನಿನ್ನೆ ಮೊನ್ನೆಯದ್ದಲ್ಲ, ಹಿಂದಿನ ತಿಂಗಳ ಗದ್ದೆ ಕೆಲಸವನ್ನೂ ಹೇಳಿ.

ಇನ್ನೊಂದು ಮಾತು. ಹೆಸರು ಇಲಿಯದ್ದಾದರೂ ದನ, ನಾಯಿಯ ಮೂತ್ರದಲ್ಲೂ ಇದು ಬರ್ತದೆ. ಮಳೆಗಾಲದಲ್ಲಿ ಬರಿಗಾಲಲ್ಲಿ ಹಟ್ಟಿ ತೊಳೆಯುವವರಿಗೂ ಅಪಾಯ ಉಂಟು.

ಲ್ಯಾಬ್‌ಮೇಜು (ಮಣಿಪಾಲ)
ಮೂರನೇ ದಿನ ಮಾಡಿಸಿದ್ದು ಐಜಿಎಂ ಪರೀಕ್ಷೆಯಾದರೆ, ನೆಗೆಟಿವ್ ಬಂದದ್ದಕ್ಕೆ ಬೆಲೆ ಇಲ್ಲ. ಅದು ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ಅಳತೆಗೆ ಸಿಗಲು 5ರಿಂದ 7 ದಿನ ಬೇಕು. ಮೊದಲ ವಾರ ರೋಗಾಣುವಿನ ಡಿಎನ್‌ಎಯನ್ನೇ ಹುಡುಕುವ ರಕ್ತದ ಪಿಸಿಆರ್ ಪರೀಕ್ಷೆ ಉಪಯೋಗ, ಆಮೇಲೆ ಐಜಿಎಂ. ಅನುಮಾನ ಬಲವಾಗಿದ್ದರೆ ರಿಪೋರ್ಟಿಗೆ ಕಾಯದೆ ಚಿಕಿತ್ಸೆ ಶುರು ಮಾಡುವುದೇ ಸರಿಯಾದ ಕ್ರಮ.

ನೋಡಬೇಕಾದ ಗುರುತು: ಪಿಚ್ಚು ಬಾರದ ಕೆಂಪು ಕಣ್ಣು, ಮುಟ್ಟಿದರೆ ತಡೆಯಲಾಗದಷ್ಟು ಮೀನಖಂಡದ ನೋವು. ಪ್ಲೇಟ್‌ಲೆಟ್ ಡೆಂಗಿಯಲ್ಲೂ ಇಳಿಯುತ್ತದೆ, ಇದರಲ್ಲೂ ಇಳಿಯುತ್ತದೆ. ಆದರೆ ಬಿಳಿ ರಕ್ತಕಣ ಡೆಂಗಿಯಲ್ಲಿ ಸಾಮಾನ್ಯವಾಗಿ ಕಡಿಮೆ, ಇಲ್ಲಿ ಹೆಚ್ಚಾಗಿ ಏರಿರುತ್ತದೆ.

ಕಾಮಾಲೆ ಬಂದಾಗ ಆಗುವ ತಪ್ಪು ನೋಡಿದರೆ ಸಂಕಟವಾಗ್ತದೆ. ಕಣ್ಣು ಹಳದಿ ಆಯಿತು ಅಂತ ನೆಲನೆಲ್ಲಿ ಕಷಾಯ ಕುಡಿಯುತ್ತಾ ನಾಲ್ಕು ದಿನ ಕಳೆಯುತ್ತಾರೆ. ವೈರಸ್ ಕಾಮಾಲೆಯಲ್ಲಿ ಎಸ್‌ಜಿಪಿಟಿ (ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ಸಾವಿರ ದಾಟುವುದುಂಟು. ಇಲ್ಲಿ ಕಣ್ಣು ಹಳದಿ ಮಾಡುವ ಬಿಲಿರುಬಿನ್ ತುಂಬಾ ಏರಿದರೂ ಎಸ್‌ಜಿಪಿಟಿ ಸಾಧಾರಣವಾಗಿ 200ರ ಒಳಗೇ ಇರ್ತದೆ. ಜೊತೆಗೆ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಏರಿದ್ದರೆ ಆ ದಿನವೇ ಆಸ್ಪತ್ರೆಗೆ ಸೇರಬೇಕು. ಮೂತ್ರ ಸರಿಯಾಗಿ ಹೋಗ್ತಾ ಉಂಟಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ, ಈ ರೋಗದಲ್ಲಿ ಮೂತ್ರ ಹೋಗುತ್ತಲೇ ಮೂತ್ರಪಿಂಡ ಸೋಲಬಹುದು. ಮೈನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಲೇಬಾರದು, ಮೂತ್ರಪಿಂಡಕ್ಕೆ ಎರಡನೇ ಪೆಟ್ಟು ಅದು. ಕೆಮ್ಮಿದಾಗ ರಕ್ತ ಬಂದರೆ ಒಂದು ಗಂಟೆಯೂ ತಡ ಬೇಡ.

ಔಷಧಪೆಟ್ಟಿಗೆ (ಕಾರ್ಕಳ)
ಮಾತ್ರೆ ಡಾಕ್ಸಿಸೈಕ್ಲಿನ್, ವಾರಕ್ಕೊಮ್ಮೆ 200 ಮಿ.ಗ್ರಾಂ. 1982ರಲ್ಲಿ ಪನಾಮಾದಲ್ಲಿ ತರಬೇತಿಗೆ ಹೋದ 940 ಅಮೆರಿಕನ್ ಸೈನಿಕರ ಮೇಲೆ ಇದನ್ನು ಪರೀಕ್ಷಿಸಿದ್ದರು. ಖಾಲಿ ಮಾತ್ರೆ ಪಡೆದ ಗುಂಪಿನಲ್ಲಿ 20 ಮಂದಿಗೆ ರೋಗ ಬಂತು, ನಿಜವಾದ ಮಾತ್ರೆ ಪಡೆದವರಲ್ಲಿ ಒಬ್ಬರಿಗೆ. ಕೆಸರಿನ ಕೆಲಸ ಇರುವ ವಾರಗಳಿಗೆ ಮಾತ್ರ, ಅದೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿಯೇ. ಗರ್ಭಿಣಿಯರಿಗೆ, 8 ವರ್ಷದ ಒಳಗಿನ ಮಕ್ಕಳಿಗೆ ಬೇಡ.

ಗಂಜಿ ಊಟ ಆದ ಮೇಲೆ ದೊಡ್ಡ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳದಲ್ಲಿ ಹುಣ್ಣಾಗ್ತದೆ. ಕಬ್ಬಿಣದ ಮಾತ್ರೆ, ಗ್ಯಾಸಿನ ಮಾತ್ರೆ ಜೊತೆಗೆ ತೆಗೆದುಕೊಂಡರೆ ಹೊಟ್ಟೆಯಲ್ಲೇ ಅಂಟಿಕೊಂಡು ರಕ್ತಕ್ಕೆ ಸೇರುವುದಿಲ್ಲ.

ಗದ್ದೆಬದಿ (ಬ್ರಹ್ಮಾವರ)
ತುಂಬಾ ಉಪಕಾರ. ಗಂಬೂಟು ಹಾಕಿದ್ರೆ ಆಗ್ತದಾ? ಗದ್ದೆಗೆ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಬಹುದಾ?

ಸುರುಳಿಜೀವಿ
ಹಟ್ಟಿಗೆ, ತೋಟಕ್ಕೆ ಗಂಬೂಟು ಒಳ್ಳೆಯದು. ನೇಜಿ ಗದ್ದೆಯಲ್ಲಿ ಕೆಸರು ಅದನ್ನು ಎಳೆದುಕೊಳ್ಳುತ್ತದೆ, ಒಳಗೆ ನೀರು ಹೊಕ್ಕಿದರೆ ಕಾಲು ಇನ್ನಷ್ಟು ನೆನೆಯುತ್ತದೆ. ಅಲ್ಲಿ ಗಾಯಕ್ಕೆ ನೀರು ತಾಗದ ಪ್ಲಾಸ್ಟರ್ ಹಾಕಿ ಇಳಿಯಿರಿ. ಮೇಲೆ ಬಂದ ಕೂಡಲೇ ತೋಡಿನ ನೀರಲ್ಲಿ ಅಲ್ಲ, ಮನೆಯ ಶುದ್ಧ ನೀರು, ಸಾಬೂನಿನಿಂದ ತೊಳೆದು ಬೆರಳ ಸಂದಿ ಒರೆಸಿ. ಈ ಜೀವಿಗೆ ಒಣ ಜಾಗ ಆಗುವುದೇ ಇಲ್ಲ.

ಗದ್ದೆಗೆ ಬ್ಲೀಚಿಂಗ್ ದಂಡ, ಕ್ಲೋರಿನನ್ನು ಕೆಸರೇ ತಿಂದುಹಾಕ್ತದೆ. ಬಾವಿಗೆ 1000 ಲೀಟರಿಗೆ 2.5 ಗ್ರಾಂ ಲೆಕ್ಕ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ 24 ಗ್ರಾಂ. ಬಕೆಟ್ ನೀರಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕಲಕಿ. ಕಡಿಮೆ ಅಂದ್ರೂ ಒಂದು ಗಂಟೆ ಬಿಡಬೇಕು. ರಾತ್ರಿ ಹಾಕಿ ಬೆಳಿಗ್ಗೆ ಸೇದಿದರೆ ಸಲೀಸು. ತೆರೆದಿಟ್ಟು ಹಳತಾದ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರ್ತದೆ, ಹೊಸ ಪ್ಯಾಕೆಟ್ ತನ್ನಿ.