ಇಲ್ಲೇ ತಯಾರಾದ ಸೆಡಾನಾ, ಆಮದಾದ ಆಲ್ ವೀಲ್ ಡ್ರೈವ್ ವ್ಯಾಗನ್ನಾ?

ಎರಡುಮನಸ್ಸು:
ತಿಳಿದವರನ್ನ ಒಂದು ಮಾತು ಕೇಳಿ ಮುಂದುವರಿಯೋಣ ಅಂತ ಬರೀತಿದ್ದೇನೆ. ಒಂದು ಕಡೆ ಇಲ್ಲೇ ತಯಾರಾಗುವ ಮಧ್ಯಮ ಗಾತ್ರದ ಹೊಸ ಸೆಡಾನ್, 2 ಲೀಟರ್ ಪೆಟ್ರೋಲ್, ಫ್ರಂಟ್ ವೀಲ್ ಡ್ರೈವ್ (ಎಂಜಿನ್ ಮುಂದಿನ ಎರಡು ಚಕ್ರ ಮಾತ್ರ ತಿರುಗಿಸೋದು). ಇನ್ನೊಂದು ಕಡೆ ಹೊರದೇಶದಿಂದ ಬಂದ 6 ವರ್ಷದ ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರ ತಿರುಗಿಸೋ) ವ್ಯಾಗನ್, ಅಂದರೆ ಡಿಕ್ಕಿ ಚಾವಣಿಯ ಎತ್ತರದ ತನಕ ಇರೋ ಗಾಡಿ, 90,000 ಕಿ.ಮೀ. ಓಡಿದ್ದು. ಬೆಲೆ ಹೆಚ್ಚೂಕಮ್ಮಿ ಒಂದೇ. ಓಡಾಟ ವರ್ಷಕ್ಕೆ 15,000 ಕಿ.ಮೀ., ಬಹುಪಾಲು ಒಳ್ಳೆಯ ಟಾರು ರಸ್ತೆ. ಆದರೆ ಕೊನೆಯ 2 ಕಿ.ಮೀ. ಏರುದಾರಿ, ಮಳೆ ಬಂದರೆ ಕೆಸರು, ಚಳಿಗಾಲದಲ್ಲಿ ಹಿಮ. ಗಾಡಿಯಲ್ಲಿ ಸಾಮಾನ್ಯವಾಗಿ 4 ಜನ, ಜೊತೆಗೆ ಲಗೇಜು. ಆ 2 ಕಿ.ಮೀ.ಗೋಸ್ಕರ ಆಲ್ ವೀಲ್ ಡ್ರೈವ್ ಬೇಕೇ ಬೇಕಾ? ತಗೊಳ್ಳೋದಾದರೆ ಮೊದಲು ಏನು ನೋಡಬೇಕು?

ಲೆಕ್ಕದಪುಸ್ತಕ:
ಬೇಕಾ ಬೇಡವಾ ಅನ್ನೋದನ್ನ ಆ ಏರು ಎಷ್ಟು ಕಡಿದು ಅನ್ನೋದು ಹೇಳುತ್ತೆ. ಮೊದಲು ಅದನ್ನ ಅಳೆಯಿರಿ. ಉದ್ದನೆಯ ಹಲಗೆಯೊಂದನ್ನ ದಾರಿ ಮೇಲೆ ಇಟ್ಟು, ಅದರ ಮೇಲೆ ಫೋನಿನ ಮಟ್ಟ ನೋಡುವ ಆ್ಯಪ್ ಇಟ್ಟರೆ ಸಾಕು. 5.7 ಡಿಗ್ರಿ ಅಂದರೆ 10% ಏರು, 11.3 ಡಿಗ್ರಿ ಅಂದರೆ 20%.

ಈಗ ಲೆಕ್ಕ. ಖಾಲಿ ಫ್ರಂಟ್ ವೀಲ್ ಸೆಡಾನ್‌ನಲ್ಲಿ ತೂಕದ ಸುಮಾರು 60% ಮುಂದಿನ ಚಕ್ರಗಳ ಮೇಲಿರುತ್ತೆ. 4 ಜನ ಕೂತು ಡಿಕ್ಕಿ ತುಂಬಿದರೆ ಅದು 50%ಗೆ ಇಳಿಯುತ್ತೆ. 10% ಏರಿನಲ್ಲಿ ಇನ್ನೊಂದು 2% ಹಿಂದಕ್ಕೆ ಜಾರುತ್ತೆ. ಅಂದರೆ ಗಾಡಿಯನ್ನ ಎಳೆಯಬೇಕಾದ ಚಕ್ರಗಳ ಮೇಲೆ ಉಳಿದದ್ದು 48%. ಒತ್ತಿ ಗಟ್ಟಿಯಾದ ಹಿಮದ ಮೇಲೆ ಮಾಮೂಲಿ ಟೈರಿನ ಹಿಡಿತವನ್ನ 0.2 (ಚಕ್ರದ ಮೇಲಿನ ತೂಕದ ಐದನೇ ಒಂದು ಭಾಗದಷ್ಟು ಬಲ) ಅಂತಿಟ್ಟುಕೊಳ್ಳಿ: 0.48 × 0.2 = 0.096. 10% ಏರು ಹತ್ತಲು ಬೇಕಾದದ್ದು ಗಾಡಿ ತೂಕದ 0.10. ಕೂದಲೆಳೆಯಷ್ಟರಲ್ಲಿ ಸೋತಿತು, ಚಕ್ರ ಸುತ್ತುತ್ತೆ, ಗಾಡಿ ನಿಲ್ಲುತ್ತೆ. ನಾಲ್ಕೂ ಚಕ್ರ ತಳ್ಳಿದರೆ ಪೂರ್ತಿ 0.2 ಸಿಗುತ್ತೆ, ಆರಾಮಾಗಿ ಹತ್ತುತ್ತೆ.

ಅದೇ ಸೆಡಾನ್‌ಗೆ ಚಳಿಗಾಲದ ಟೈರ್ ಹಾಕಿ ಹಿಡಿತ 0.3 ಆಯಿತು ಅನ್ನಿ. 0.48 × 0.3 = 0.144. ಹತ್ತಿತು! 20% ಏರಾದರೆ ಚಳಿಗಾಲದ ಟೈರ್ ಇದ್ದರೂ ಸೆಡಾನ್ ಸೋಲುತ್ತೆ, ವ್ಯಾಗನ್ ಗೆಲ್ಲುತ್ತೆ. ಗಾಡಿ ಉರುಳೋದಕ್ಕೇ ಸ್ವಲ್ಪ ಶಕ್ತಿ ಹೋಗೋದರಿಂದ, 10–12% ತನಕ ಟೈರಿನಲ್ಲೇ ಕೆಲಸ ಮುಗಿಯುತ್ತೆ ಅಂತ ಇಟ್ಟುಕೊಳ್ಳಿ.

ಎಲ್ಲರೂ ಮರೆಯೋ ಸಂಗತಿ ಒಂದಿದೆ: ಹತ್ತಿದ ದಾರಿಯನ್ನ ಇಳೀಲೂಬೇಕು. 10% ಇಳಿಜಾರಿನಲ್ಲಿ 30 ಕಿ.ಮೀ. ವೇಗದಿಂದ ನಿಲ್ಲಿಸಲು 0.2 ಹಿಡಿತದಲ್ಲಿ 35 ಮೀಟರ್ ಬೇಕು, 0.3ರಲ್ಲಿ 18 ಮೀಟರ್ ಸಾಕು. ಎಂಜಿನ್ ಎಷ್ಟು ಚಕ್ರ ತಿರುಗಿಸುತ್ತೆ ಅನ್ನೋದಕ್ಕೂ ಈ ಲೆಕ್ಕಕ್ಕೂ ಸಂಬಂಧ ಇಲ್ಲ. ಬ್ರೇಕು ಎರಡು ಗಾಡಿಯಲ್ಲೂ ನಾಲ್ಕು ಚಕ್ರಕ್ಕೇ. ಮಾಮೂಲಿ ಟೈರಿನ ಆಲ್ ವೀಲ್ ವ್ಯಾಗನ್ ಸಲೀಸಾಗಿ ಮೇಲಕ್ಕೆ ಒಯ್ದು, ಇಳಿಯುವಾಗ ಕೈಬಿಡುತ್ತೆ. ಹಾಗಾಗಿ ಗಾಡಿ ಯಾವುದೇ ಇರಲಿ, ಟೈರಿನ ದುಡ್ಡು ಬಜೆಟ್‌ನಲ್ಲಿ ಮೊದಲು ಎತ್ತಿಡಿ. ಉಷ್ಣತೆ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರ್ ಗಡುಸಾಗುತ್ತೆ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ನೋಡಿ ತಗೊಳ್ಳಿ. ಬರೀ 'ಎಂ ಪ್ಲಸ್ ಎಸ್' ಅಂತಿದ್ದರೆ ಅದು ಹಿಮದ ಪರೀಕ್ಷೆ ಪಾಸಾಗಿದೆ ಅಂತೇನಲ್ಲ. ಹಾಕಿದರೆ ನಾಲ್ಕೂ ಹಾಕಿ. ಮುಂದೆ ಎರಡಕ್ಕೆ ಮಾತ್ರ ಹಾಕಿದರೆ ತಿರುವಿನಲ್ಲಿ ಹಿಂಭಾಗ ಆಚೆಗೆ ಬೀಸಿಕೊಂಡು ಹೋಗುತ್ತೆ.

ಗ್ರೀಸ್‌ಕೈ:
ಲೆಕ್ಕ ಒಪ್ಪಿದೆ. ಆದ್ರೆ ಹಿಂದೆ ಆಲ್ ವೀಲ್ ಅಂತ ಬ್ಯಾಡ್ಜ್ ಅಂಟಿಸಿದ್ದೆಲ್ಲ ಒಂದೇ ಜಾತಿ ಅಲ್ಲ ಸರ್. ಬಾನೆಟ್ ಎತ್ತಿ ಎಂಜಿನ್ ಉದ್ದಕ್ಕೆ ಕೂತಿದ್ಯಾ ಅಡ್ಡಕ್ಕೆ ಕೂತಿದ್ಯಾ ನೋಡಿ.

ಉದ್ದಕ್ಕೆ ಕೂತಿದ್ರೆ ಸಾಮಾನ್ಯವಾಗಿ ಗೇರ್‌ಬಾಕ್ಸಿಂದ ನೇರ ಹಿಂದಕ್ಕೆ ಶಾಫ್ಟ್ ಹೋಗತ್ತೆ. ಆಡಿ ಕ್ವಾಟ್ರೋದ ಟಾರ್ಸನ್ ಡಿಫರೆನ್ಶಿಯಲ್ (ಡಿಫರೆನ್ಶಿಯಲ್ ಅಂದ್ರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು ಜೋಡಣೆ), ಸುಬಾರು ಮ್ಯಾನುಯಲ್ ಗಾಡಿಗಳ ವಿಸ್ಕಸ್ ಕಪ್ಲಿಂಗ್, ಇವೆಲ್ಲ ಈ ಜಾತಿ. ಅಡ್ಡಕ್ಕೆ ಕೂತಿದ್ರೆ ಅದು ಮೂಲದಲ್ಲಿ ಫ್ರಂಟ್ ವೀಲ್ ಗಾಡಿನೇ. ಗೇರ್‌ಬಾಕ್ಸ್ ಪಕ್ಕ ಒಂದು ಸಣ್ಣ ಟ್ರಾನ್ಸ್‌ಫರ್ ಬಾಕ್ಸ್, ಅಲ್ಲಿಂದ ಹಿಂದಕ್ಕೆ ಹೋಗೋ ಪ್ರೊಪೆಲರ್ ಶಾಫ್ಟ್, ಹಿಂದಿನ ಡಿಫರೆನ್ಶಿಯಲ್ ಮುಂದೆ ಕಂಪ್ಯೂಟರ್ ಮಾತು ಕೇಳೋ ಒಂದು ಮಲ್ಟಿಪ್ಲೇಟ್ ಕ್ಲಚ್. ಹಾಲ್ಡೆಕ್ಸ್ ಅಂತ ಕೇಳಿರ್ತೀರಲ್ಲ, ಅದು ಇದೇ.

ಈ ಎರಡನೇ ಜಾತಿಯಲ್ಲಿ ಕೆಡೋ ಜಾಗ ಎರಡು. ಟ್ರಾನ್ಸ್‌ಫರ್ ಬಾಕ್ಸಲ್ಲಿ ಎಣ್ಣೆ ಕಮ್ಮಿ, ಕೆಲವುದರಲ್ಲಿ ಅರ್ಧ ಲೀಟರ್ ಆಸುಪಾಸು ಅಷ್ಟೇ. ಪಕ್ಕದಲ್ಲೇ ಸೈಲೆನ್ಸರ್ ಪೈಪಿನ ಕಾವು. 'ಜೀವಮಾನಕ್ಕೆ ಒಂದೇ ಸಲ' ಅಂತ ಬರೆದಿದ್ರೂ ಎಣ್ಣೆ ಕಾದು ಕಾದು ಡಾಂಬರಿನ ಹಾಗಾಗಿ, ಸೀಲ್ ಹೋಗಿ, ಕೊನೆಗೆ ಬೇರಿಂಗ್ ತಿನ್ನತ್ತೆ. ಕೆಳಗೆ ನುಗ್ಗಿ ಆ ಬಾಕ್ಸ್ ಸುತ್ತ ಎಣ್ಣೆ ಜಿನುಗಿದ್ಯಾ, ಸುಟ್ಟ ವಾಸನೆ ಇದ್ಯಾ ನೋಡಿ. ಇನ್ನೊಂದು ಹಿಂದಿನ ಕಪ್ಲಿಂಗ್, ಅಂದ್ರೆ ಆ ಮಲ್ಟಿಪ್ಲೇಟ್ ಕ್ಲಚ್ಚೇ. ಅದರ ಎಣ್ಣೆ ಸುಮಾರು 60,000 ಕಿ.ಮೀ.ಗೆ ಬದಲಾಗಬೇಕು. ಹಾಲ್ಡೆಕ್ಸ್ 5ನೇ ತಲೆಮಾರಿನಲ್ಲಿ ಬೇರೆ ಫಿಲ್ಟರ್ ಇಲ್ಲ, ಕ್ಲಚ್ ಬಿಗಿಯೋ ಎಣ್ಣೆ ಪಂಪಿನ ಬಾಯಿಗೆ ಒಂದು ಸಣ್ಣ ಜಾಲರಿ ಮಾತ್ರ. ಕ್ಲಚ್ ಸವೆದ ಪುಡಿ ಅಲ್ಲೇ ಕಟ್ಟಿಕೊಳ್ಳತ್ತೆ, ಪಂಪ್ ಏದುಸಿರು ಬಿಟ್ಟು ಸುಟ್ಟು ಹೋಗತ್ತೆ. ಎಷ್ಟೋ ಸಲ ಡ್ಯಾಶ್‌ಬೋರ್ಡಲ್ಲಿ ದೀಪ ಕೂಡ ಹತ್ತಲ್ಲ. ಓನರ್‌ಗೆ ಗೊತ್ತೇ ಆಗದೆ ಗಾಡಿ ಫ್ರಂಟ್ ವೀಲ್ ಆಗಿ ಓಡಾಡ್ತಿರತ್ತೆ. ಬರೀ ಎಣ್ಣೆ ಬದಲಾಯಿಸಿದ್ರೆ ಸಾಲದು, ಪಂಪ್ ಬಿಚ್ಚಿ ಜಾಲರಿ ತೊಳೀಬೇಕು. ಬಿಲ್ಲಲ್ಲಿ ಅದು ಬರೆದಿದ್ಯಾ ಕೇಳಿ.

ಓಡಿಸಿ ನೋಡೋ ಕ್ರಮ: ಮೊದಲು 15–20 ನಿಮಿಷ ಓಡಿಸಿ ಎಣ್ಣೆ ಬಿಸಿ ಮಾಡಿ. ಆಮೇಲೆ ಒಣಗಿದ ಸಮತಟ್ಟು ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ, ನಡಿಗೆ ವೇಗದಲ್ಲಿ ಎಡಕ್ಕೆ ಎರಡು ಸುತ್ತು, ಬಲಕ್ಕೆ ಎರಡು ಸುತ್ತು. ಯಾರೋ ಹಿಂದಿಂದ ಹಿಡಿದು ಎಳೆದ ಹಾಗೆ ತಡವರಿಸಿದ್ರೆ, ಟೈರು ಕುಪ್ಪಳಿಸಿದ್ರೆ ಕಪ್ಲಿಂಗ್ ಬಿಗಿದುಕೊಂಡಿದೆ. ಟಕ ಟಕ ಅಂದ್ರೆ ಆಕ್ಸಲ್ಲಿನ ಹೊರಗಡೆ ಜಾಯಿಂಟು. ಆಕ್ಸಿಲರೇಟರ್ ಒತ್ತಿದಾಗ ಒಂಥರಾ, ಬಿಟ್ಟಾಗ ಇನ್ನೊಂಥರಾ ಗುಂಯ್ ಅಂದ್ರೆ ಹಿಂದಿನ ಡಿಫರೆನ್ಶಿಯಲ್ಲಿನ ಕ್ರೌನ್ ಪಿನಿಯನ್ ಗೇರು. ನಡುನಡುವೆ ಒಂದು ವೇಗಕ್ಕೆ ಮಾತ್ರ ನೆಲ ಅದುರಿದ್ರೆ ಪ್ರೊಪೆಲರ್ ಶಾಫ್ಟಿನ ಸೆಂಟರ್ ಬೇರಿಂಗ್. ಸೆಡಾನ್‌ಗೆ ಆಕ್ಸಲ್ ರಬ್ಬರ್ ಬೂಟು 4, ಇದಕ್ಕೆ 8. ಒಂದೊಂದನ್ನೂ ಟಾರ್ಚ್ ಹಿಡಿದು ನೋಡಿ. ಹರಿದ ಬೂಟಿಂದ ಗ್ರೀಸ್ ಚಿಮ್ಮಿ ಚಕ್ರದ ಒಳಮೈಗೆ ಬಡಿದಿರತ್ತೆ.

ನಾಲ್ಕೂ ಟೈರಿನ ಟ್ರೆಡ್ (ಮೇಲ್ಮೈ ಗಾಡಿ) ಆಳ ಅಳೆದು ಇಲ್ಲಿ ಹಾಕಿ. ಟೈರ್ ನೋಡಿದ್ರೆ ಗಾಡಿ ಜಾತಕ ಗೊತ್ತಾಗತ್ತೆ.

ಡಿಕ್ಕಿಪುರಾಣ:
ಲಗೇಜಿನ ಬಗ್ಗೆ ಯಾರೂ ಮಾತಾಡಲಿಲ್ಲ. ಡಿಕ್ಕಿಯ ಲೀಟರ್ ಲೆಕ್ಕ ನೋಡಿ ಮೋಸ ಹೋಗಬೇಡಿ. ಕಿಟಕಿಯ ಕೆಳಮಟ್ಟದ ತನಕ ಅಳೆದರೆ ಸೆಡಾನ್‌ಗೂ ವ್ಯಾಗನ್‌ಗೂ ಅಂಥಾ ವ್ಯತ್ಯಾಸ ಇರೋಲ್ಲ. ವ್ಯತ್ಯಾಸ ಇರೋದು ಬಾಯಿಯಲ್ಲಿ. ಸೆಡಾನ್ ಡಿಕ್ಕಿಯ ಒಳಗೆ ಹಿಡಿಸುವ ಪೆಟ್ಟಿಗೆ ಬಾಗಿಲಲ್ಲೇ ತೂರದೆ ನಿಂತುಬಿಡುತ್ತೆ. ನಿಮ್ಮ ಅತಿ ದೊಡ್ಡ ಸಾಮಾನಿನ ಅಗಲ, ಎತ್ತರ ಬರೆದುಕೊಂಡು, ಟೇಪು ಹಿಡಿದು ಹೋಗಿ.

ವ್ಯಾಗನ್‌ನಲ್ಲಿ ಸಾಮಾನಿಗೂ ತಲೆಗೂ ನಡುವೆ ಸೀಟಿನ ಬೆನ್ನು ಬಿಟ್ಟರೆ ಬೇರೆ ಗೋಡೆ ಇಲ್ಲ. ಸೀಟಿನ ಎತ್ತರ ಮೀರಿ ತುಂಬುವುದಾದರೆ ಅಡ್ಡ ಬಲೆ ಕಟ್ಟಲೇಬೇಕು. ಆ ಬಲೆ ಹಳೆ ಗಾಡಿಯಲ್ಲಿ ಕಳೆದುಹೋಗಿರೋದೇ ಹೆಚ್ಚು. ಸದ್ದಿನ ವಿಷಯದಲ್ಲಿ ಸೆಡಾನ್ ಮೇಲು, ಹಿಂದಿನ ಟೈರಿನ ಗದ್ದಲ ಒಳಗೆ ಅಷ್ಟಾಗಿ ಬರೋದಿಲ್ಲ. ಇಂಧನದಲ್ಲೂ ಅಷ್ಟೇ: ಹೆಚ್ಚುವರಿ ಶಾಫ್ಟು, ಡಿಫರೆನ್ಶಿಯಲ್ಲು ಹೊತ್ತು ತಿರುಗಿಸೋದಕ್ಕೆ ವ್ಯಾಗನ್ ಸುಮಾರು 5–10% ಜಾಸ್ತಿ ಕುಡಿಯುತ್ತೆ. ನೆಲದಿಂದ ಎತ್ತರ ಮಾತ್ರ ವ್ಯಾಗನ್ನಿನ ದೊಡ್ಡ ಲಾಭ. ಸುಬಾರು ಔಟ್‌ಬ್ಯಾಕ್‌ನಂಥದ್ದಕ್ಕೆ ಸುಮಾರು 220 ಮಿ.ಮೀ. ಇರುತ್ತೆ, ತುಂಬಿದ ಸೆಡಾನ್ ಹಿಂದೆ ಕುಸಿದು ಕೆಸರಿನ ಗಾಲಿಜಾಡಿನ ನಡುದಿಬ್ಬಕ್ಕೆ ಹೊಟ್ಟೆ ಉಜ್ಜುತ್ತೆ. ಹೊಟ್ಟೆ ಕೂತ ಮೇಲೆ ಯಾವ ಟೈರೂ ಕಾಪಾಡೋಲ್ಲ.

ಎರಡುಮನಸ್ಸು:
ಎಲ್ಲರಿಗೂ ಥ್ಯಾಂಕ್ಸ್. ಅಳೆದೆ. ಏರು ಬಹುತೇಕ 9%, ಒಂದೇ ಒಂದು ತಿರುವಿನಲ್ಲಿ 14%. ವ್ಯಾಗನ್ನಿನ ಎಂಜಿನ್ ಅಡ್ಡಕ್ಕೆ ಕೂತಿದೆ. ಟ್ರೆಡ್: ಮುಂದೆ 4.1, 4.2, ಹಿಂದೆ 6.5, 6.6 ಮಿ.ಮೀ. ಸುತ್ತು ಹೊಡೆದಾಗ ಕುಪ್ಪಳಿಸಲಿಲ್ಲ. ಕಪ್ಲಿಂಗ್ ಎಣ್ಣೆಯ ಬಿಲ್ ಇಲ್ಲ.

ಗ್ರೀಸ್‌ಕೈ:
ಟೈರ್ ಅದಲು ಬದಲು ಮಾಡೇ ಇಲ್ಲ ಅಂತಾಯ್ತು. ವ್ಯತ್ಯಾಸ 2.4 ಮಿ.ಮೀ. ಇದು ಸಣ್ಣದಾಗಿ ಕಾಣತ್ತೆ, ಆದ್ರೆ ಸುತ್ತಳತೆಯಲ್ಲಿ 6.28 ಪಟ್ಟು, ಅಂದ್ರೆ 15 ಮಿ.ಮೀ. ಸುತ್ತಳತೆ 2.2 ಮೀಟರ್ ಇರೋ ಟೈರು ಕಿಲೋಮೀಟರಿಗೆ ಸುಮಾರು 455 ಸುತ್ತು ಹೊಡೆಯತ್ತೆ. ಇಲ್ಲಿ ಮುಂದಿನದು ಹಿಂದಿನದಕ್ಕಿಂತ 3 ಸುತ್ತು ಜಾಸ್ತಿ ಹೊಡೀತಿದೆ. ಆ 3 ಸುತ್ತಿನ ಜಗಳ ಬಿಡಿಸೋ ಕೆಲಸ ಕಪ್ಲಿಂಗಿಗೆ. ಸುಬಾರು ಗಾಡಿಗಳಿಗೆ ಹೇಳೋ ಮಿತಿ ಸುತ್ತಳತೆಯಲ್ಲಿ ಕಾಲು ಇಂಚು, ಹೆಚ್ಚೂಕಮ್ಮಿ 6.4 ಮಿ.ಮೀ., ಅಂದ್ರೆ ಟ್ರೆಡ್ ಆಳದಲ್ಲಿ 1 ಮಿ.ಮೀ. ನಿಮ್ಮ ಗಾಡಿ ಮಿತಿ ಅದರ ಕೈಪಿಡೀಲಿ ಇರತ್ತೆ, ಆದ್ರೆ 2.4 ಅನ್ನೋದು ಯಾವುದಕ್ಕೂ ಒಳ್ಳೇದಲ್ಲ. ಬೇಡಿಕೆ ಬಿದ್ದಾಗ ಮಾತ್ರ ಬಿಗಿಯೋ ಕ್ಲಚ್ ಆದ್ದರಿಂದ ಪೆಟ್ಟು ಕಮ್ಮಿ ಬಿದ್ದಿರಬಹುದು. ಕುಪ್ಪಳಿಸಿಲ್ಲ ಅಂತ ಸಮಾಧಾನ ಪಡಬೇಡಿ, ಸತ್ತ ಪಂಪ್ ಇದ್ರೂ ಕುಪ್ಪಳಿಸಲ್ಲ.

ಎರಡು ಕೆಲಸ ಬಾಕಿ. ಜಲ್ಲಿ ಹಾಸಿದ ಏರಿನಲ್ಲಿ ನಿಂತು ಜೋರಾಗಿ ಹೊರಡಿ, ಪಕ್ಕದಲ್ಲಿ ದೂರ ನಿಂತ ಒಬ್ಬರು ಚಕ್ರ ನೋಡಲಿ. ಮುಂದಿನದು ಮಾತ್ರ ಗರಗರ ಸುತ್ತಿ ಹಿಂದಿನದು ಸುಮ್ಮನಿದ್ರೆ ಪಂಪ್ ಹೋಗಿದೆ. ಎರಡನೇದು, ಕಪ್ಲಿಂಗ್ ಡ್ರೈನ್ ಬೋಲ್ಟ್ ಬಿಚ್ಚಿಸಿ ಎಣ್ಣೆಯನ್ನ ಬಿಳಿ ಡಬ್ಬಿಗೆ ಇಳಿಸಿ. ಕಪ್ಪಗಿದ್ರೂ ತೆಳ್ಳಗಿದ್ರೆ ಸರಿ. ಮಿಂಚೋ ಪುಡಿ ಬೆರಳಿಗೆ ಹತ್ತಿದ್ರೆ ಗಾಡಿ ಅಲ್ಲೇ ಬಿಟ್ಟು ಬನ್ನಿ. ಎರಡರಲ್ಲೂ ಪಾಸಾದ್ರೆ ನಾಲ್ಕು ಹೊಸ ಟೈರು, ಟ್ರಾನ್ಸ್‌ಫರ್ ಬಾಕ್ಸ್, ಕಪ್ಲಿಂಗ್, ಹಿಂದಿನ ಡಿಫರೆನ್ಶಿಯಲ್ ಈ ಮೂರರ ಎಣ್ಣೆ, ಇಷ್ಟರ ಖರ್ಚು ಬೆಲೆಯಿಂದ ಕಡಿಸಿ. ಆಮೇಲೆ 8,000–10,000 ಕಿ.ಮೀ.ಗೊಮ್ಮೆ ಟೈರ್ ಹಿಂದೆ ಮುಂದೆ ಮಾಡಿ. ಕೆಟ್ಟು ನಿಂತರೆ ಮುಂದಿನ ಚಕ್ರ ಎತ್ತಿ ಎಳೆಸಬೇಡಿ, ನಾಲ್ಕೂ ಚಕ್ರ ನೆಲ ಬಿಟ್ಟಿರೋ ಫ್ಲಾಟ್‌ಬೆಡ್ ಲಾರಿನೇ ಆಗಬೇಕು.

ಲೆಕ್ಕದಪುಸ್ತಕ:
9%ಗೆ ಸೆಡಾನ್ ಮತ್ತು ಚಳಿಗಾಲದ ಟೈರ್ ಸಾಕು. ಆ 14% ತಿರುವು ಮಾತ್ರ ತಕರಾರು. ತಿರುವಿನಲ್ಲಿ ಓಟದ ಬಲದಿಂದ ಹತ್ತಿಸಲು ಹೋಗೋದು ಅಪಾಯ. ಅಲ್ಲಿಗೆ ಮುಂದಿನ ಚಕ್ರಕ್ಕೆ ಸುತ್ತುವ ಹಿಮದ ಚೈನು ಬೇಕು. ಆದರೆ ಕೈಪಿಡಿ ನೋಡಿ. ದೊಡ್ಡ ಚಕ್ರದ ಮಾಡೆಲ್‌ಗೆ ಚೈನು ಹಾಕಿದರೆ ಸಸ್ಪೆನ್ಶನ್‌ಗೆ ತಾಗುತ್ತೆ ಅಂತ ಬೇಡ ಅಂದಿರ್ತಾರೆ. ಸಣ್ಣ ಚಕ್ರದ ಮಾಡೆಲ್ಲೇ ಆರಿಸಿ. ವರ್ಷಕ್ಕೆ ನಾಲ್ಕೈದು ದಿನದ ಪಾಡಾದರೆ ನನ್ನ ಮತ ಸೆಡಾನ್‌ಗೆ. ವಾರಗಟ್ಟಲೆ ದಿನಾ ಚೈನು ಕಟ್ಟಿ ಬಿಚ್ಚೋದಾದರೆ ವ್ಯಾಗನ್ ತಗೊಳ್ಳಿ, ನಾನು ಜಗಳಕ್ಕೆ ಬರೋಲ್ಲ.

ಗ್ರೀಸ್‌ಕೈ:
ಮುಂಗಡ ಕೊಡೋ ಮುಂಚೆ ಇದೊಂದು ಮಾಡಿ. ವ್ಯಾಗನ್ನಿನ ಚಾಸಿ ನಂಬರ್ ತಗೊಂಡು ಬಿಡಿಭಾಗದ ಅಂಗಡಿಗೆ ಹೋಗಿ ಎಂಟು ಸಾಮಾನಿನ ಬೆಲೆ, ಬರೋಕೆ ಎಷ್ಟು ದಿನ ಅಂತ ಕೇಳಿ: ಮುಂದಿನ ಬಂಪರ್, ಹೆಡ್‌ಲೈಟ್, ಮುಂದಿನ ಗಾಜು, ವೀಲ್ ಬೇರಿಂಗ್, ಲೋಯರ್ ಆರ್ಮ್, ಬ್ರೇಕ್ ಡಿಸ್ಕ್, ಎ.ಸಿ. ಕಂಪ್ರೆಸರ್, ಕಪ್ಲಿಂಗ್ ಪಂಪ್. ಸವೆಯೋ ಸಾಮಾನು ಹೇಗೋ ಸಿಗತ್ತೆ, ಆಮದು ಗಾಡಿ ತಿಂಗಳುಗಟ್ಟಲೆ ನಿಲ್ಲೋದು ಗಾಜು, ಲೈಟು, ಬಂಪರ್‌ಗೆ. ಗಾಜಿನ ಹಿಂದೆ ಕ್ಯಾಮೆರಾ ಇದ್ರೆ ಗಾಜು ಬದಲಾದ ಮೇಲೆ ಅದನ್ನ ಮತ್ತೆ ಹೊಂದಿಸೋ ಉಪಕರಣ ಯಾರ ಹತ್ರ ಇದೆ ಅಂತಲೂ ಕೇಳಿ. ಇನ್ನೊಂದು, ಪೆಟ್ರೋಲ್ ಮುಚ್ಚಳದ ಒಳಗಡೆ ಎಷ್ಟು ಆಕ್ಟೇನ್ ಬೇಕು ಅಂತ ಬರೆದಿದೆ ನೋಡಿ. 95 ಕೇಳೋ ಟರ್ಬೋ ಎಂಜಿನ್ನಿಗೆ 91 ಹಾಕಿದ್ರೆ ಎಂಜಿನ್ ಕಿಡಿ ಹಾರಿಸೋದನ್ನ (ಇಗ್ನಿಷನ್) ತಡ ಮಾಡತ್ತೆ, ಪಿಕಪ್ಪೂ ಹೋಗತ್ತೆ ಮೈಲೇಜೂ ಹೋಗತ್ತೆ. ಜಪಾನಿನ ಒಳಮಾರುಕಟ್ಟೆಯ ಗಾಡಿ ಆಗಿದ್ರೆ ರೇಡಿಯೋ ಎಫ್‌ಎಂ 76ರಿಂದ ಶುರುವಾಗಿ 90–95ಕ್ಕೇ ನಿಲ್ಲತ್ತೆ. ಅದು ಕೆಟ್ಟಿರೋದಲ್ಲ, ಅದಕ್ಕೋಸ್ಕರ ಚೌಕಾಸಿ ಮಾಡಬೇಡಿ.