ಅಮೆರಿಕದ ಸಂವಿಧಾನ ಹುಟ್ಟಿದ ಬಗೆ: ಪ್ರಾಧ್ಯಾಪಕರಿಗೆ ನಿಮ್ಮ ಪ್ರಶ್ನೆಗಳು

ಗುಂಪಿನ ನಿರ್ವಾಹಕರು: ಈ ವಾರ ಸಂವಿಧಾನದ ಇತಿಹಾಸ ಬೋಧಿಸುವ ಪ್ರಾಧ್ಯಾಪಕರು ನಮ್ಮ ಜೊತೆ ಇದ್ದಾರೆ. 1776ರಿಂದ 1804ರವರೆಗಿನ ಪ್ರಶ್ನೆಗಳನ್ನಷ್ಟೇ ಕೇಳಿ. ಇವತ್ತಿನ ರಾಜಕೀಯ ಬೇಡ.

ಕೆಎಎಸ್ ಅಭ್ಯರ್ಥಿ: ನಮಸ್ಕಾರ ಸರ್. ಸಂವಿಧಾನಕ್ಕೆ ಸಹಿ ಹಾಕಿದವರು 39 ಜನವೋ 40 ಜನವೋ? ಎರಡು ಗೈಡ್‌ಗಳಲ್ಲಿ ಎರಡು ಥರ ಇದೆ.

ಪ್ರಾಧ್ಯಾಪಕರು: ಪ್ರತಿನಿಧಿಗಳ ಸಹಿ 39. ನಲವತ್ತನೆಯದು ಕಾರ್ಯದರ್ಶಿ ವಿಲಿಯಂ ಜಾಕ್ಸನ್ ದೃಢೀಕರಣಕ್ಕಾಗಿ ಹಾಕಿದ್ದು. ಆ 39ರಲ್ಲೂ ಡೆಲವೇರ್‌ನ ಜಾನ್ ಡಿಕಿನ್ಸನ್ ಅಂದು ಹಾಜರಿರಲಿಲ್ಲ, ಅವರ ಪರವಾಗಿ ಜಾರ್ಜ್ ರೀಡ್ ಸಹಿ ಮಾಡಿದರು. ಸಂವಿಧಾನ ಬರೆದ ಫಿಲಡೆಲ್ಫಿಯಾ ಸಭೆಗೆ ಬಂದುಹೋದವರು ಒಟ್ಟು 55. ಕೊನೆಯ ದಿನ, ಅಂದರೆ 1787ರ ಸೆಪ್ಟೆಂಬರ್ 17ರಂದು, ಸಭೆಯಲ್ಲೇ ಇದ್ದು ಸಹಿ ಹಾಕಲು ಒಪ್ಪದವರು ಮೂವರು: ರಾಂಡಾಲ್ಫ್, ಮೇಸನ್, ಗೆರಿ.

ನಿವೃತ್ತ ಶಿಕ್ಷಕರು, ತುಮಕೂರು: ಜೆಫರ್ಸನ್ ಬರೆದ ಸಂವಿಧಾನದಲ್ಲಿ ಹಕ್ಕುಗಳ ಪಟ್ಟಿಯನ್ನು ಮೊದಲೇ ಯಾಕೆ ಸೇರಿಸಲಿಲ್ಲ?

ಪ್ರಾಧ್ಯಾಪಕರು: ಜೆಫರ್ಸನ್ ಬರೆದಿಲ್ಲ. 1787ರಲ್ಲಿ ಅವರು ಪ್ಯಾರಿಸ್‌ನಲ್ಲಿ ರಾಯಭಾರಿ, ಜಾನ್ ಆಡಮ್ಸ್ ಲಂಡನ್ನಿನಲ್ಲಿ. ಮೇಸನ್ ಹಕ್ಕುಗಳ ಪಟ್ಟಿ ಬೇಕೆಂದು ಸೆಪ್ಟೆಂಬರ್ 12ರಂದು ಕೇಳಿದರು, ಒಂದು ರಾಜ್ಯವೂ ಬೆಂಬಲಿಸಲಿಲ್ಲ. ಮೊದಲ ಕಾಂಗ್ರೆಸ್ 1789ರ ಸೆಪ್ಟೆಂಬರ್‌ನಲ್ಲಿ 12 ತಿದ್ದುಪಡಿಗಳನ್ನು ಕಳಿಸಿತು. ಅವುಗಳಲ್ಲಿ 10 ಮಾತ್ರ 1791ರ ಡಿಸೆಂಬರ್ 15ಕ್ಕೆ ಅಂಗೀಕಾರವಾದವು.

ಕಾನೂನು ವಿದ್ಯಾರ್ಥಿನಿ, ಧಾರವಾಡ: ಸರ್, ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ವಾದಪತ್ರದಲ್ಲಿ ಹೀಗೆ ಬರೆದಿದ್ದೇನೆ: "ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್‌ಗೆ ಅದರದೇ ವಿಧಾನದಂತೆ ತಿದ್ದುಪಡಿ ತಂದು 1787ರ ಸಂವಿಧಾನ ರೂಪುಗೊಂಡಿತು; 1788ರ ಜೂನ್ 21ರಿಂದ ಜಾರಿಗೆ ಬಂತು." ಸರಿ ಇದೆಯೇ?

ಪ್ರಾಧ್ಯಾಪಕರು: ಇದನ್ನು ಹೀಗೇ ಸಲ್ಲಿಸಬೇಡಿ. ವಾಕ್ಯದ ಎರಡು ಭಾಗವೂ ಎದುರು ಪಕ್ಷದವರ ಕೈಗೆ ಸಿಕ್ಕಿಬೀಳುತ್ತದೆ.

1781ರ ಮಾರ್ಚ್ 1ರಂದು ಪೂರ್ಣ ಅಂಗೀಕಾರ ಪಡೆದ ಆರ್ಟಿಕಲ್ಸ್‌ನ, ಅಂದರೆ ಹದಿಮೂರು ರಾಜ್ಯಗಳ ಹಿಂದಿನ ಒಕ್ಕೂಟ ಒಪ್ಪಂದದ, 13ನೇ ವಿಧಿ ತೆಗೆದು ನೋಡಿ. ತಿದ್ದುಪಡಿಗೆ ಕಾಂಗ್ರೆಸ್ ಒಪ್ಪಬೇಕು, ಆಮೇಲೆ ಪ್ರತಿಯೊಂದು ರಾಜ್ಯದ ಶಾಸನಸಭೆಯೂ ದೃಢಪಡಿಸಬೇಕು. ಹದಿಮೂರರಲ್ಲಿ ಒಂದು ತಪ್ಪಿದರೂ ಆಗದು. ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ, ರಾಜ್ಯಗಳಿಂದ ಹಣ ಕೇಳಿ ಪಡೆಯಬೇಕಿತ್ತು. ಯುದ್ಧದ ಸಾಲ ತೀರಿಸಲು 1781ರಲ್ಲಿ ಶೇ. 5ರ ಆಮದು ಸುಂಕಕ್ಕೆ ಅನುಮತಿ ಕೇಳಿತು. 1782ರಲ್ಲಿ ರೋಡ್ ಐಲೆಂಡ್ ಒಲ್ಲೆ ಎಂದಿತು. 1783ರ ಎರಡನೇ ಪ್ರಯತ್ನ ನ್ಯೂಯಾರ್ಕ್‌ನಲ್ಲಿ ಮುರಿದುಬಿತ್ತು. ಸರ್ವಾನುಮತದ ದಾರಿಯಲ್ಲಿ ಹೋದರೆ ಏನೂ ಆಗುವುದಿಲ್ಲ ಎಂಬುದು ಮ್ಯಾಡಿಸನ್, ಹ್ಯಾಮಿಲ್ಟನ್ ಅವರಿಗೆ ಕಣ್ಣಾರೆ ಗೊತ್ತಿತ್ತು.

1786ರ ಸೆಪ್ಟೆಂಬರ್‌ನಲ್ಲಿ ಅನಾಪೊಲಿಸ್‌ಗೆ ಬಂದದ್ದು ಐದು ರಾಜ್ಯಗಳ 12 ಮಂದಿ. ಅವರು ಇನ್ನೊಂದು ಸಭೆ ಕರೆಯಲು ಕೋರಿದರು. 1787ರ ಫೆಬ್ರವರಿ 21ರಂದು ಕಾಂಗ್ರೆಸ್ ಒಪ್ಪಿತು, ಆದರೆ ಆರ್ಟಿಕಲ್ಸ್‌ನ ಪರಿಷ್ಕರಣೆಗೆ ಮಾತ್ರ ಎಂದು ಸ್ಪಷ್ಟವಾಗಿ ಬರೆಯಿತು. ಸಭೆ ಹಳೆಯದನ್ನು ಬದಿಗಿಟ್ಟು ಹೊಸದನ್ನೇ ಬರೆದು ಅದರ 7ನೇ ವಿಧಿಯಲ್ಲಿ ಮೂರು ಕಡೆ ಹಳೆಯ ವಿಧಾನವನ್ನು ಮುರಿಯಿತು. ಹದಿಮೂರರ ಬದಲು ಒಂಬತ್ತು ರಾಜ್ಯ ಸಾಕು. ಶಾಸನಸಭೆಯ ಬದಲು ಅದಕ್ಕಾಗಿಯೇ ಜನ ಆರಿಸಿದ ಸಮಾವೇಶ. ಕಾಂಗ್ರೆಸ್ಸಿನ ಒಪ್ಪಿಗೆಯ ಷರತ್ತೇ ಇಲ್ಲ. ಸೆಪ್ಟೆಂಬರ್ 28ರಂದು ಕಾಂಗ್ರೆಸ್ ಕೂಡ ಹೌದು, ಅಲ್ಲ ಏನನ್ನೂ ಹೇಳದೆ ಕರಡನ್ನು ರಾಜ್ಯಗಳಿಗೆ ರವಾನಿಸಿತು.

ಸಮಾವೇಶ ಯಾಕೆ ಎಂಬುದೇ ನಿಮ್ಮ ವಾದದ ತಿರುಳಾಗಬೇಕು. ಹೊಸ ವ್ಯವಸ್ಥೆಯಿಂದ ಅಧಿಕಾರ ಕಳೆದುಕೊಳ್ಳುವುದು ಶಾಸನಸಭೆಗಳೇ, ಅವುಗಳ ಕೈಗೆ ಕೊಟ್ಟರೆ ತಡೆಯುತ್ತವೆ. ಅದಕ್ಕಿಂತ ಗಟ್ಟಿ ಕಾರಣ ಇನ್ನೊಂದಿದೆ. ಒಂದು ಶಾಸನಸಭೆ ಒಪ್ಪಿದ್ದನ್ನು ಮುಂದಿನದು ರದ್ದು ಮಾಡಬಹುದು. ಜನರೇ ನೇರವಾಗಿ ಒಪ್ಪಿದ್ದನ್ನು ಯಾವ ಶಾಸನಸಭೆಯೂ ಮುಟ್ಟಲಾಗದು. ರೋಡ್ ಐಲೆಂಡ್ ಮಾತ್ರ ಸಮಾವೇಶ ಕರೆಯದೆ 1788ರ ಮಾರ್ಚ್‌ನಲ್ಲಿ ಊರೂರಿನಲ್ಲಿ ಮತ ತೆಗೆಯಿತು. ಪರವಾಗಿ 237, ವಿರುದ್ಧ ಸುಮಾರು 2,700. ಪರವಾಗಿದ್ದ ಬಹುಪಾಲು ಜನ ಬಹಿಷ್ಕರಿಸಿದ್ದರಿಂದ ಆ ಅಂಕಿಯನ್ನು ಜನಾಭಿಪ್ರಾಯ ಎಂದು ಉಲ್ಲೇಖಿಸಬೇಡಿ. ಅಲ್ಲಿನ ಸಮಾವೇಶ ಕೊನೆಗೆ ಒಪ್ಪಿದ್ದು 1790ರ ಮೇ 29ರಂದು, 34-32 ಮತಗಳಲ್ಲಿ.

ಹಾಗಂತ ಎದುರು ತುದಿಗೆ ಹೋಗಿ "ಕಾನೂನುಬಾಹಿರ" ಎಂದೂ ಬರೆಯಬೇಡಿ. ಸಮಾವೇಶಗಳನ್ನು ಕರೆದದ್ದು ಆಯಾ ರಾಜ್ಯದ ಶಾಸನಸಭೆಗಳೇ, ಕೊನೆಗೆ ಹದಿಮೂರೂ ಒಪ್ಪಿದವು. ಕೆಲವು ರಾಜ್ಯಗಳು ಒಪ್ಪಂದ ಮುರಿದಾಗ ಉಳಿದವು ಅದರಿಂದ ಬಿಡುಗಡೆ ಹೊಂದಬಹುದು ಎಂಬ ವಾದ ಹೊಸ ಸಂವಿಧಾನದ ಪರ ಬರೆದ ಲೇಖನಮಾಲೆಯಾದ ಫೆಡರಲಿಸ್ಟ್‌ನ 43ನೇ ಲೇಖನದಲ್ಲಿದೆ. "13ನೇ ವಿಧಿಯ ವಿಧಾನ ಪಾಲನೆಯಾಗಲಿಲ್ಲ, ಸಮರ್ಥನೆಯನ್ನು ಜನರ ಸಮಾವೇಶಗಳಿಂದ ಪಡೆಯಲಾಯಿತು" ಎಂದು ತಿದ್ದಿಕೊಳ್ಳಿ. ದಿನಾಂಕದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಿ.ಎ. ವಿದ್ಯಾರ್ಥಿ: ಸರ್ ಇದೆಲ್ಲದರ ಪಿಡಿಎಫ್ ಇದ್ದರೆ ಹಾಕಿ.

ನಿವೃತ್ತ ಶಿಕ್ಷಕರು, ತುಮಕೂರು: ಬಂದ ಸಂದೇಶ ಹಂಚಿಕೊಳ್ಳುತ್ತಿದ್ದೇನೆ: "ವಾಷಿಂಗ್ಟನ್ ಮೊದಲ ಅಧ್ಯಕ್ಷರಲ್ಲ! ನಿಜವಾದ ಮೊದಲ ಅಧ್ಯಕ್ಷ ಜಾನ್ ಹ್ಯಾನ್ಸನ್. ಸಂವಿಧಾನ ಬರೆದದ್ದು ಸೆಣಬಿನ ಕಾಗದದ ಮೇಲೆ. ಎಲ್ಲರಿಗೂ ತಲುಪಿಸಿ."

ಪ್ರಾಧ್ಯಾಪಕರು: ತಲುಪಿಸಬೇಡಿ. ಹ್ಯಾನ್ಸನ್ 1781ರ ನವೆಂಬರ್‌ನಿಂದ ಒಂದು ವರ್ಷ ಕಾಂಗ್ರೆಸ್ ಸಭೆಯ ಅಧ್ಯಕ್ಷತೆ ವಹಿಸಿದವರು. ಕಾರ್ಯಾಂಗವೇ ಇರಲಿಲ್ಲ, ಸೇನೆಯ ಮೇಲೆ ಅಧಿಕಾರವಿಲ್ಲ, ವೀಟೋ ಇಲ್ಲ. ಆರ್ಟಿಕಲ್ಸ್ ಜಾರಿಗೆ ಬಂದ ದಿನ ಆ ಪೀಠದಲ್ಲಿದ್ದವರು ಸ್ಯಾಮ್ಯುಯೆಲ್ ಹಂಟಿಂಗ್ಟನ್, ಅಂದರೆ ಆ ಲೆಕ್ಕದಲ್ಲೂ ಹ್ಯಾನ್ಸನ್ ಮೊದಲಿಗರಲ್ಲ. ಸಂವಿಧಾನವನ್ನು ಬರೆದದ್ದು ಚರ್ಮಪತ್ರದ ನಾಲ್ಕು ಹಾಳೆಗಳ ಮೇಲೆ. ಬರೆದ ಲಿಪಿಕಾರ ಜೇಕಬ್ ಶಾಲಸ್, ಕೂಲಿ 30 ಡಾಲರ್. ಪರೀಕ್ಷೆಗೆ ಓದುವ ಮಕ್ಕಳು ಈ ಗುಂಪಿನಲ್ಲಿದ್ದಾರೆ, ಇಂಥ ಸಂದೇಶಗಳು ಅವರ ಅಂಕ ಕಳೆಯುತ್ತವೆ.

ವಕೀಲರು, ಮಂಗಳೂರು: ಐದನೇ ತಿದ್ದುಪಡಿಯ "ಡ್ಯೂ ಪ್ರೊಸೆಸ್" (ನ್ಯಾಯಯುತ ಕಾನೂನು ಪ್ರಕ್ರಿಯೆ) ನಮ್ಮ ಸಂವಿಧಾನದ 21ನೇ ವಿಧಿಗೆ ಬಾರದಿರಲು ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ನಮ್ಮೂರಿನ ಬಿ.ಎನ್. ರಾವ್ ಕಾರಣ ಎನ್ನುತ್ತಾರಲ್ಲ?

ಪ್ರಾಧ್ಯಾಪಕರು: ಮುಖ್ಯ ಕಾರಣಗಳಲ್ಲಿ ಒಂದು. 1947ರಲ್ಲಿ ರಾವ್ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾದರು. ಆ ಪದಗಳು ನ್ಯಾಯಾಲಯಕ್ಕೆ ಅತಿಯಾದ ಅಧಿಕಾರ ಕೊಡುತ್ತವೆ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯ. ಕರಡು ಸಮಿತಿ ಅವುಗಳ ಜಾಗದಲ್ಲಿ ಜಪಾನ್ ಸಂವಿಧಾನದ ಮಾದರಿಯ "ಕಾನೂನು ಸ್ಥಾಪಿಸಿದ ಕಾರ್ಯವಿಧಾನ"ವನ್ನು ಇಟ್ಟಿತು.

ನ್ಯೂಜೆರ್ಸಿ ಕನ್ನಡಿಗ: ಗುಲಾಮರಲ್ಲಿ ಪ್ರತಿ ಐವರನ್ನು ಮೂವರೆಂದು ಎಣಿಸುವ ಐದನೇ ಮೂರರ ನಿಯಮದ ಬಗ್ಗೆ ಯಾರೂ ಕೇಳುತ್ತಿಲ್ಲ. ಅದು ಗುಲಾಮಗಿರಿಯ ವಿರುದ್ಧವಾಗಿಯೇ ಇತ್ತು. ದಕ್ಷಿಣದ ಬಲ ಕುಗ್ಗಿಸಲು ತಂದದ್ದು.

ವಕೀಲರು, ಮಂಗಳೂರು: ಮನುಷ್ಯನನ್ನು ಮುಕ್ಕಾಲಿಗಿಂತ ಕಡಿಮೆ ಎಂದು ಬರೆದದ್ದನ್ನು ಸಮರ್ಥಿಸುತ್ತೀರಾ? ಅಲ್ಲೇ ಇದ್ದು ಅವರ ಭಾಷೆಯನ್ನೇ ಕಲಿತಿದ್ದೀರಿ.

ನ್ಯೂಜೆರ್ಸಿ ಕನ್ನಡಿಗ: ವೈಯಕ್ತಿಕ ಬೇಡ. ಪೂರ್ತಿ ಎಣಿಸಿ ಎಂದು ಕೇಳಿದ್ದು ಯಾರು? ಗುಲಾಮರ ಮಾಲೀಕರು. ಓದಿ ಮಾತಾಡಿ.

ವಕೀಲರು, ಮಂಗಳೂರು: ಓದಿಯೇ ಇಪ್ಪತ್ತು ವರ್ಷ ವಾದಿಸುತ್ತಿದ್ದೇನೆ. ನೀವು ಓದಿ.

ಪ್ರಾಧ್ಯಾಪಕರು: ಇಬ್ಬರೂ ಲೆಕ್ಕ ಹಾಕಿಲ್ಲ. ಈ ಅನುಪಾತ ಹುಟ್ಟಿದ್ದು 1783ರಲ್ಲಿ, ರಾಜ್ಯಗಳಿಂದ ಹಣ ವಸೂಲಿಯ ಪಾಲು ನಿರ್ಧರಿಸಲು. ಆಗ ಕಡಿಮೆ ಎಣಿಸಿ ಎಂದದ್ದು ದಕ್ಷಿಣ. 1787ರಲ್ಲಿ ಅದೇ ಅನುಪಾತ ಪ್ರತಿನಿಧಿಸಭೆಯ ಸ್ಥಾನಗಳಿಗೂ ಬಂದಾಗ ಪೂರ್ತಿ ಎಣಿಸಿ ಎಂದಿತು. ಇನ್ನು 1790ರ ಜನಗಣತಿಯ ವರ್ಜೀನಿಯಾ ತೆಗೆದುಕೊಳ್ಳಿ: ಒಟ್ಟು 7,47,610, ಅದರಲ್ಲಿ ಗುಲಾಮರು 2,92,627. 1792ರ ಹಂಚಿಕೆ 33,000ಕ್ಕೆ ಒಬ್ಬ, ಉಳಿದ ಭಿನ್ನಾಂಶ ಬಿಡುವುದು. ಗುಲಾಮರನ್ನು ಎಣಿಸದಿದ್ದರೆ 13 ಸ್ಥಾನ. ಐದನೇ ಮೂರರಂತೆ ಎಣಿಸಿದರೆ 19. ಪೂರ್ತಿ ಎಣಿಸಿದ್ದರೆ 22. ವರ್ಜೀನಿಯಾಕ್ಕೆ ಸಿಕ್ಕಿದ್ದು 19. ಮತವೇ ಇಲ್ಲದವರ ಹೆಸರಿನಲ್ಲಿ ಮಾಲೀಕರ ರಾಜ್ಯಕ್ಕೆ ಆರು ಹೆಚ್ಚುವರಿ ಸ್ಥಾನ ಬಂತು. ಅಧ್ಯಕ್ಷರನ್ನು ಆರಿಸುವ ಎಲೆಕ್ಟರ್‌ಗಳ ಸಂಖ್ಯೆಯಲ್ಲೂ ಅಷ್ಟೇ ಲಾಭ. "ಗುಲಾಮಗಿರಿಯ ವಿರುದ್ಧ" ಎಂಬ ಮಾತು ಇಲ್ಲಿ ನಿಲ್ಲದು. ಅದು ಮನುಷ್ಯರ ಬೆಲೆ ಕಟ್ಟಿದ ಸೂತ್ರ ಎನ್ನುವ ಓದೂ ವಿಷಯವನ್ನು ಮುಟ್ಟುವುದಿಲ್ಲ, ಅದು ಅಧಿಕಾರ ಹಂಚಿದ ಸೂತ್ರ.

ನ್ಯೂಜೆರ್ಸಿ ಕನ್ನಡಿಗ: ಆದರೂ ಗುಲಾಮಗಿರಿ ವಿರೋಧಿ ಹೋರಾಟಗಾರ ಫ್ರೆಡರಿಕ್ ಡಗ್ಲಸ್ ಸಹ...

ಪ್ರಾಧ್ಯಾಪಕರು: ಡಗ್ಲಸ್ 19ನೇ ಶತಮಾನದವರು. ಲೆಕ್ಕ ಮೇಲಿದೆ.

ಹೊಸ ಸದಸ್ಯರು: ಅಮೆರಿಕದ ಮೂಲನಿವಾಸಿಗಳಾದ ಇರೊಕ್ವಾ ಬುಡಕಟ್ಟುಗಳ ಒಕ್ಕೂಟವನ್ನು ನಕಲು ಮಾಡಿ ಸಂವಿಧಾನ ಬರೆದರು ಅಂತ ವಿಡಿಯೊ ಇದೆ, ನಿಜವೇ? ಸಹಿ ಹಾಕಿದವರು 39ಓ 40ಓ ಅದನ್ನೂ ತಿಳಿಸಿ.

ಪ್ರಾಧ್ಯಾಪಕರು: 39, ಮೊದಲ ಉತ್ತರ ಓದಿ. ಇರೊಕ್ವಾ ಒಕ್ಕೂಟದ ಉದಾಹರಣೆಯನ್ನು ಫ್ರಾಂಕ್ಲಿನ್ 1751ರ ಪತ್ರದಲ್ಲಿ ಎತ್ತಿದ್ದು ನಿಜ. ಆದರೆ ಮ್ಯಾಡಿಸನ್‌ರ ಫಿಲಡೆಲ್ಫಿಯಾ ಟಿಪ್ಪಣಿಗಳಲ್ಲಿ ಅದನ್ನು ಮಾದರಿಯಾಗಿಟ್ಟು ನಡೆದ ಚರ್ಚೆ ಇಲ್ಲ. ವಿಡಿಯೊಗಳನ್ನು ಇನ್ನು ಹಾಕಬೇಡಿ.

ಹೊಸ ಸದಸ್ಯರು: ಕೇಳಿದ್ದಕ್ಕೆ ಇಷ್ಟು ಸಿಟ್ಟೇಕೆ?

ಬಿ.ಎ. ವಿದ್ಯಾರ್ಥಿ: ಪಿಡಿಎಫ್ ಸರ್?

ಕೆಎಎಸ್ ಅಭ್ಯರ್ಥಿ: ವಾಷಿಂಗ್ಟನ್‌ಗೆ ಕಾಂಗ್ರೆಸ್ ರಾಜಪಟ್ಟ ಕೊಡಲು ಬಂದಿತ್ತೇ?

ಪ್ರಾಧ್ಯಾಪಕರು: ಇಲ್ಲ. 1782ರ ಮೇನಲ್ಲಿ ಲೂಯಿಸ್ ನಿಕೋಲಾ ಎಂಬ ಕರ್ನಲ್ ಅಂಥ ಪತ್ರ ಬರೆದ, ವಾಷಿಂಗ್ಟನ್ ಖಂಡಿಸಿದರು. ಅಷ್ಟೇ.

ನಿವೃತ್ತ ಶಿಕ್ಷಕರು, ತುಮಕೂರು: ಕನ್ನಡದಲ್ಲಿ ಇದರ ಬಗ್ಗೆ ಒಳ್ಳೆಯ ಪುಸ್ತಕ ಯಾವುದು? ಮತ್ತೆ, 1791ರ ಹ್ಯಾಮಿಲ್ಟನ್ ಬ್ಯಾಂಕ್ ಸಂವಿಧಾನಬದ್ಧವೇ?

ಕಾನೂನು ವಿದ್ಯಾರ್ಥಿನಿ, ಧಾರವಾಡ: ಸರ್, ದಿನಾಂಕದ ವಿಷಯ ಬಾಕಿ ಇದೆ. ನಾಳೆ ಸಲ್ಲಿಸಬೇಕು.

ಪ್ರಾಧ್ಯಾಪಕರು: 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ 57-47ರಲ್ಲಿ ಒಪ್ಪಿ ಒಂಬತ್ತನೇ ರಾಜ್ಯವಾಯಿತು. ಅಂದಿಗೆ 7ನೇ ವಿಧಿಯ ಷರತ್ತು ಪೂರ್ತಿಯಾಯಿತು, ಆದರೆ ಸರ್ಕಾರ ಶುರುವಾಗಲಿಲ್ಲ. ಹಳೆಯ ಕಾಂಗ್ರೆಸ್ ಸೆಪ್ಟೆಂಬರ್ 13ರಂದು ದಿನ ಗೊತ್ತುಪಡಿಸಿತು: ಎಲೆಕ್ಟರ್‌ಗಳ ನೇಮಕ 1789ರ ಜನವರಿಯ ಮೊದಲ ಬುಧವಾರ, ಅವರ ಮತದಾನ ಫೆಬ್ರವರಿಯ ಮೊದಲ ಬುಧವಾರ, ಹೊಸ ಸರ್ಕಾರ ಮಾರ್ಚ್‌ನ ಮೊದಲ ಬುಧವಾರ, ಅಂದರೆ ಮಾರ್ಚ್ 4. ಅಂದು ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ) ಇರಲಿಲ್ಲ. ಪ್ರತಿನಿಧಿಸಭೆಗೆ ಏಪ್ರಿಲ್ 1ರಂದು, ಸೆನೆಟ್‌ಗೆ 6ರಂದು ಕೋರಂ ಸಿಕ್ಕಿತು. ವಾಷಿಂಗ್ಟನ್ ಪ್ರಮಾಣವಚನ ಏಪ್ರಿಲ್ 30. ಆದರೂ ಕಾನೂನಿನ ಲೆಕ್ಕಕ್ಕೆ ಮಾರ್ಚ್ 4ನ್ನೇ ಹಿಡಿಯಿರಿ. 1820ರ ಓವಿಂಗ್ಸ್ ವರ್ಸಸ್ ಸ್ಪೀಡ್ ತೀರ್ಪನ್ನು ಉಲ್ಲೇಖಿಸಿ. ಅಲ್ಲಿ ವರ್ಜೀನಿಯಾ ಶಾಸನಸಭೆಯ 1788ರ ಕಾಯಿದೆಯೊಂದು ಸಂವಿಧಾನದ ಕರಾರು ರಕ್ಷಣೆಯ ಕಲಮಿಗೆ (ರಾಜ್ಯಗಳು ಕರಾರುಗಳ ಬಾಧ್ಯತೆಯನ್ನು ಕುಂದಿಸಬಾರದು ಎಂಬುದಕ್ಕೆ) ವಿರುದ್ಧ ಎಂಬ ವಾದವಿತ್ತು. ಆ ಕಾಯಿದೆ ಬಂದಾಗ ಸಂವಿಧಾನ ಇನ್ನೂ ಕಾರ್ಯಾರಂಭ ಮಾಡಿರಲಿಲ್ಲ, ಆದ್ದರಿಂದ ಆ ಕಲಮು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಮೂಟ್‌ನ ವಿವಾದ 1788ರ ಜೂನ್ 21 ಮತ್ತು 1789ರ ಮಾರ್ಚ್ 4ರ ನಡುವಿನದಾದರೆ ಫಲಿತಾಂಶ ನಿಲ್ಲುವುದು ಇದರ ಮೇಲೆಯೇ.