ಬಿಸಿಯಾದ ಮೇಲೆ ನಿಂತುಬಿಡುವ ಹಳೇ ಸ್ನೋಮೊಬೈಲ್: ತೊಂದರೆ ಕರೆಂಟಿನದೋ, ಪೆಟ್ರೋಲಿನದೋ?

ನಮಸ್ಕಾರ. ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ಒಂದನ್ನು ತೆಗೆದುಕೊಂಡಿದ್ದೇನೆ. ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನ್, ಎರಡು ಕಾರ್ಬೊರೇಟರ್. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು, ಬ್ಯಾಟರಿ ಇಲ್ಲ. ತಣ್ಣಗಿದ್ದಾಗ ಬೇಗ ಸ್ಟಾರ್ಟ್ ಆಗುತ್ತದೆ, ಚೆನ್ನಾಗಿಯೇ ಓಡುತ್ತದೆ. ಸ್ವಲ್ಪ ದೂರ ಹೋದ ಮೇಲೆ ನಿಂತುಬಿಡುತ್ತದೆ. ಆಮೇಲೆ ಎಷ್ಟು ಎಳೆದರೂ ಜಪ್ಪಯ್ಯ ಎನ್ನುವುದಿಲ್ಲ. ಅರ್ಧ ಗಂಟೆ ಸುಮ್ನೆ ಬಿಟ್ಟರೆ ಮತ್ತೆ ಸ್ಟಾರ್ಟ್! ಜೊತೆಗೆ ಹೆಡ್‌ಲೈಟ್ ಬಲ್ಬು ಪದೇ ಪದೇ ಸುಟ್ಟುಹೋಗುತ್ತಿದೆ. ಮಾರಿದವರು ಕಾರ್ಬೊರೇಟರ್ ಕ್ಲೀನ್ ಮಾಡಿದರೆ ಸರಿಹೋಗುತ್ತದೆ ಎಂದರು. ಇನ್ನೊಬ್ಬರು ಸ್ಟೇಟರ್ (ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಕಾಯಿಲ್‌ಗಳ ಭಾಗ) ಹೋಗಿದೆ, ಬದಲಿಸಿ ಎನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ? ಇಂಥದ್ದು ಕಂಡವರು ದಯವಿಟ್ಟು ಹೇಳಿ.

—

ಸದ್ಯಕ್ಕೆ ಏನನ್ನೂ ಬಿಚ್ಚಬೇಡಿ, ಏನನ್ನೂ ಕೊಳ್ಳಬೇಡಿ. ಗಾಡಿ ನಿಂತ ಆ ಗಳಿಗೆಯಲ್ಲೇ ಕಿಡಿ ಬರುತ್ತಿದೆಯೋ ಇಲ್ಲವೋ ನೋಡಿ. ಎಳೆದು ತಂದು, ತಣ್ಣಗಾದ ಮೇಲೆ ನೋಡಿದರೆ ಕಿಡಿ ಇದ್ದೇ ಇರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

ನಾನು ಮಾಡುವುದು ಹೀಗೆ. ಎರಡು ಹೊಸ ಪ್ಲಗ್ ಜೊತೆಯಲ್ಲೇ ಇಟ್ಟುಕೊಂಡಿರುತ್ತೇನೆ. ಗಾಡಿ ನಿಂತ ಕೂಡಲೇ ಪ್ಲಗ್ ಕ್ಯಾಪ್‌ಗಳನ್ನು ಕಿತ್ತು, ಅವುಗಳಿಗೆ ಹೊಸ ಪ್ಲಗ್ ಸಿಕ್ಕಿಸುತ್ತೇನೆ. ಪ್ಲಗ್ಗಿನ ಲೋಹದ ಭಾಗ ಸಿಲಿಂಡರ್ ಹೆಡ್ಡಿಗೆ ಗಟ್ಟಿಯಾಗಿ ತಗುಲಿರಬೇಕು. ಆಮೇಲೆ ಹಗ್ಗ ಎಳೆಯುವುದು. ಹಳೇ ಪ್ಲಗ್‌ಗಳು ಇಂಜಿನ್ನಿನಲ್ಲೇ ಇರಲಿ. ಅವನ್ನು ಬಿಚ್ಚಿದರೆ ತೂತಿನಿಂದ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ, ಪಕ್ಕದಲ್ಲೇ ಕಿಡಿ ಹಾರುತ್ತಿರುತ್ತದೆ. ಯಾಕೆ ಬೇಕು? ಇನ್ನೊಂದು ವಿಷಯ, ಎರಡು ಪ್ಲಗ್ಗೂ ಅರ್ತ್ ಆಗಿರಬೇಕು. ಕ್ಯಾಪ್ ಗಾಳಿಯಲ್ಲಿ ನೇತಾಡುತ್ತಿರುವಾಗ ಎಳೆದರೆ ಸಿಡಿಐ ಯೂನಿಟ್, ಅಂದರೆ ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಕೆಡಬಹುದು.

ಎರಡರಲ್ಲೂ ಕಿಡಿ ಇಲ್ಲ ಎಂದರೆ ಮೊದಲ ಅನುಮಾನ ಸ್ಟೇಟರ್ ಮೇಲಲ್ಲ, ಆಫ್ ಸ್ವಿಚ್ಚುಗಳ ಮೇಲೆ. ಹಳೇ ಗಾಡಿಗಳಲ್ಲಿ ಬಹುಪಾಲು ಕಡೆ ಈ ಸ್ವಿಚ್ ಕೆಲಸ ಮಾಡುವುದು ಇಗ್ನಿಷನ್ನನ್ನು ಅರ್ತ್ ಮಾಡುವುದರಿಂದ. ಹ್ಯಾಂಡಲ್ ತಿರುಗಿಸುವಾಗ ವೈರು ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಸವೆದು ಕಬ್ಬಿಣಕ್ಕೆ ತಗುಲಿದರೂ ಸಾಕು, ನೀವು ಸ್ವಿಚ್ ಒತ್ತಿದ ಹಾಗೇ ಲೆಕ್ಕ. ಕೀ, ಕೆಂಪು ಬಟನ್ನು, ಓಡಿಸುವವರ ಜಾಕೆಟ್ಟಿಗೆ ಕಟ್ಟುವ ಹಗ್ಗದ ಸ್ವಿಚ್ಚು, ಇವೆಲ್ಲ ಒಂದೇ ದಾರಿಯಲ್ಲಿ ಕೂತಿರುತ್ತವೆ. ಕೆಲವು ಗಾಡಿಗಳಲ್ಲಿ ಥ್ರಾಟಲ್ ಹಿಡಿಯ ಒಳಗೂ ಒಂದು ಇರುತ್ತದೆ. ಕಾರ್ಬೊರೇಟರ್ ಹಿಮಗಟ್ಟಿ ಥ್ರಾಟಲ್ ಸಿಕ್ಕಿಕೊಂಡರೆ, ಕೇಬಲ್ ಸಡಿಲವಾದದ್ದನ್ನು ಕಂಡು ಇಂಜಿನ್ ನಿಲ್ಲಿಸಲೆಂದು ಇಟ್ಟದ್ದು ಅದು. ಕೇಬಲ್ ಸ್ವಲ್ಪ ಸಡಿಲ ಇದ್ದರೂ ಸುಮ್ನೆ ಕಾಟ ಕೊಡುತ್ತದೆ.

ಸಿಡಿಐನಿಂದ ಈ ಸ್ವಿಚ್ಚುಗಳಿಗೆ ಹೋಗುವ ಕನೆಕ್ಟರ್ ಬಿಚ್ಚಿ ಮತ್ತೆ ಎಳೆಯಿರಿ. ಕಿಡಿ ಬಂದರೆ ತಪ್ಪು ಹ್ಯಾಂಡಲ್ ಕಡೆ ಇದೆ. ಇದು ಬರೀ ಪರೀಕ್ಷೆಗೆ. ಹಾಗೆ ಓಡಿಸಬೇಡಿ, ಸ್ವಿಚ್ ಒತ್ತಿದರೆ ಇಂಜಿನ್ ನಿಲ್ಲುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ವ್ಯವಸ್ಥೆ ಉಲ್ಟಾ ಇರುತ್ತದೆ, ಆದ್ದರಿಂದ ವೈರಿಂಗ್ ನಕ್ಷೆ ನೋಡಿಕೊಂಡೇ ಕೈ ಹಾಕಿ.

ಕನೆಕ್ಟರ್ ಬಿಚ್ಚಿದರೂ ಕಿಡಿ ಇಲ್ಲದಿದ್ದರೆ ಆಗ ಸ್ಟೇಟರ್ ಅನುಮಾನಿಸಿ. ಬಿಸಿಯಾದಾಗ ಕಾಯಿಲ್ಲಿನ ತಂತಿ ಒಳಗೇ ಬಿಟ್ಟುಕೊಳ್ಳುವುದು, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುವುದು ನಿಜವಾಗಿಯೂ ಆಗುತ್ತದೆ. ಬಿಸಿ ಇರುವಾಗಲೇ ಮಲ್ಟಿಮೀಟರಿನಲ್ಲಿ ಓಮ್ಸ್ ನೋಡಿ, ಸರ್ವಿಸ್ ಮ್ಯಾನುಯಲ್ಲಿನ ಅಂಕಿಗೆ ಹೋಲಿಸಿ.

—

ಮೇಲಿನವರು ಹೇಳಿದ್ದು ಸರಿ. ಆದರೆ ಇದೇ ಲಕ್ಷಣವನ್ನು ಪೆಟ್ರೋಲ್ ಟ್ಯಾಂಕೂ ತೋರಿಸುತ್ತದೆ! ಟ್ಯಾಂಕಿನೊಳಗೆ ಗಾಳಿ ಹೋಗುವ ಸಣ್ಣ ಪೈಪ್ ಮಡಚಿಕೊಂಡಿದ್ದರೆ ಅಥವಾ ಮುಚ್ಚಿಕೊಂಡಿದ್ದರೆ ಪೆಟ್ರೋಲ್ ಕಮ್ಮಿಯಾದಂತೆ ಒಳಗೆ ನಿರ್ವಾತ ಆಗುತ್ತದೆ. ಪಂಪಿಗೆ ಎಳೆಯಲು ಆಗುವುದಿಲ್ಲ, ಇಂಜಿನ್ ನಿಲ್ಲುತ್ತದೆ. ಅರ್ಧ ಗಂಟೆಯಲ್ಲಿ ಗಾಳಿ ಮೆಲ್ಲಗೆ ನುಸುಳಿರುತ್ತದೆ, ಮತ್ತೆ ಸ್ಟಾರ್ಟ್. ಎಲ್ಲರೂ ಬಿಸಿಯ ಮೇಲೆ ತಪ್ಪು ಹೊರಿಸಿ ಸ್ಟೇಟರ್ ಬದಲಿಸುತ್ತಾರೆ. ಇಂಜಿನ್ ನಿಂತಾಗ ಟ್ಯಾಂಕಿನ ಮುಚ್ಚಳ ತಿರುಗಿಸಿ. "ಸುಯ್" ಎಂದು ಗಾಳಿ ಎಳೆದುಕೊಂಡು, ಆಮೇಲೆ ಸ್ಟಾರ್ಟ್ ಆದರೆ ಉತ್ತರ ಸಿಕ್ಕಿತು. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಕಾರ್ಬೊರೇಟರಿನಲ್ಲಿ ಹಿಮ ಕಟ್ಟಿದರೂ ಹೀಗೇ ಆಗುತ್ತದೆ. ನಿಂತ ಮೇಲೆ ಇಂಜಿನ್ನಿನ ಶಾಖಕ್ಕೆ ಕರಗಿ ಎಲ್ಲ ಸರಿಯಾದಂತೆ ಕಾಣುತ್ತದೆ. ಫ್ಲೋಟ್ ಬೌಲ್ (ಕಾರ್ಬೊರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಬಿಚ್ಚಿದಾಗ ತಳದಲ್ಲಿ ನೀರಿನ ಹನಿ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಎಥನಾಲ್ ಇರುವ ಪೆಟ್ರೋಲ್ ನೀರನ್ನು ಹೀರಿಕೊಳ್ಳುತ್ತದೆ, ಒಂದು ಮಿತಿ ದಾಟಿದರೆ ನೀರು, ಎಥನಾಲ್ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಹಳೇ ಪೆಟ್ರೋಲಿನ ಮೇಲೆ ಹೊಸದು ಸುರಿದರೆ ಪ್ರಯೋಜನ ಇಲ್ಲ.

—

ಬಲ್ಬಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಇದನ್ನು ಇಂಜಿನ್ ನಿಲ್ಲುವುದರ ಜೊತೆ ಗಂಟು ಹಾಕಬೇಡಿ. ಸ್ಟೇಟರ್ ಒಂದೇ ಆದರೂ ಲೈಟಿನ ಕಾಯಿಲ್ ಬೇರೆ, ಇಗ್ನಿಷನ್ ಕಾಯಿಲ್ ಬೇರೆ. ಬಲ್ಬು ಪದೇ ಪದೇ ಸುಡುತ್ತಿದೆ ಎಂದರೆ ವೋಲ್ಟೇಜ್ ಜಾಸ್ತಿ ಬರುತ್ತಿದೆ, ಅಂದರೆ ರೆಗ್ಯುಲೇಟರ್ ತಡೆಯುತ್ತಿಲ್ಲ. ಬ್ಯಾಟರಿ ಇಲ್ಲದ ಇಂಥ ಗಾಡಿಗಳಲ್ಲಿ ಲೈಟಿಗೆ ಹೋಗುವುದು ಸಾಮಾನ್ಯವಾಗಿ ಎಸಿ ಕರೆಂಟ್. ಮಲ್ಟಿಮೀಟರನ್ನು ಡಿಸಿಯಲ್ಲಿ ಇಟ್ಟು "ಏನೂ ಬರ್ತಿಲ್ಲ" ಎನ್ನುವವರೇ ಜಾಸ್ತಿ. ಎಸಿಗೆ ಇಟ್ಟು, ಹೆಡ್‌ಲೈಟ್ ಕನೆಕ್ಟರಿನಲ್ಲಿ ನೋಡಿ. ಸ್ವಲ್ಪ ರೇಸ್ ಮಾಡಿದಾಗ 13, 14 ವೋಲ್ಟ್ ಆಸುಪಾಸಿನಲ್ಲಿ ನಿಲ್ಲಬೇಕು. ರೇಸ್ ಕೊಟ್ಟಷ್ಟೂ ಏರುತ್ತಾ ಹೋದರೆ ರೆಗ್ಯುಲೇಟರ್ ಕೆಲಸ ಮಾಡುತ್ತಿಲ್ಲ.

ಹೊಸದು ತರುವ ಮೊದಲು ಅದನ್ನು ಕೂರಿಸಿದ ಬೋಲ್ಟ್ ಬಿಚ್ಚಿ ನೋಡಿ. ಕೆಲವು ರೆಗ್ಯುಲೇಟರ್‌ಗಳಿಗೆ ಅರ್ತ್ ಸಿಗುವುದೇ ಆ ಬೋಲ್ಟಿನಿಂದ. ಅಲ್ಲಿ ತುಕ್ಕೋ ಪೇಂಟೋ ಇದ್ದರೆ ಒಳ್ಳೆಯ ರೆಗ್ಯುಲೇಟರೂ ಕೆಟ್ಟದ್ದರಂತೆ ವರ್ತಿಸುತ್ತದೆ. ಎಮರಿ ಕಾಗದದಲ್ಲಿ ಉಜ್ಜಿ ಬಿಗಿಯಿರಿ.

—

ಬಾನೆಟ್ ತೆಗೆದು ಏರ್ ಬಾಕ್ಸ್ ಒಳಗೂ ಒಮ್ಮೆ ಇಣುಕಿ. ಬೇಸಿಗೆಯಲ್ಲಿ ನಿಂತ ಗಾಡಿ ಇಲಿಗಳಿಗೆ ಮನೆ. ವೈರನ್ನೂ ಬಿಡುವುದಿಲ್ಲ ಅವು.

—

ಪ್ರಶ್ನೆ ಕೇಳಿದವನು: ಎಲ್ಲರಿಗೂ ಧನ್ಯವಾದ. ರೆಗ್ಯುಲೇಟರ್ ಬೋಲ್ಟಿನ ಸುತ್ತ ನಿಜಕ್ಕೂ ತುಕ್ಕು ಹಿಡಿದಿತ್ತು, ಉಜ್ಜಿ ಬಿಗಿದ ಮೇಲೆ ವೋಲ್ಟೇಜ್ ಸರಿಯಾಗಿದೆ. ಆದರೆ ಇಂಜಿನ್ ನಿಂತಾಗ ನೋಡಿದರೆ ಎರಡರಲ್ಲೂ ಗಟ್ಟಿ ನೀಲಿ ಕಿಡಿ ಇದೆ. ಟ್ಯಾಂಕಿನ ಮುಚ್ಚಳ ತೆಗೆದರೂ ಏನೂ ಬದಲಾಗಲಿಲ್ಲ. ಫ್ಲೋಟ್ ಬೌಲ್‌ನಲ್ಲಿ ನೀರಿಲ್ಲ. ಪ್ಲಗ್ ಬಿಚ್ಚಿದೆ. ಒಂದು ಕಂದು ಬಣ್ಣ, ಕ್ಲಚ್ ಬದಿಯದು ಸುಣ್ಣದಂತೆ ಬಿಳಿ. ನಿಂತ ಕೂಡಲೇ ಹಗ್ಗವೂ ಸ್ವಲ್ಪ ಬಿಗಿ ಅನಿಸುತ್ತದೆ.

—

ಹಾಗಿದ್ದರೆ ದಯವಿಟ್ಟು ಓಡಿಸುವುದನ್ನು ನಿಲ್ಲಿಸಿ. "ಇನ್ನೊಂದು ಸಲ ಓಡಿಸಿ ನೋಡೋಣ" ಎನ್ನುವುದೂ ಬೇಡ. ಬಿಳಿ ಪ್ಲಗ್ ಎಂದರೆ ಆ ಸಿಲಿಂಡರಿಗೆ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಆಯಿಲ್ ಪಂಪ್ ಇಲ್ಲದ ಟೂ ಸ್ಟ್ರೋಕಿನಲ್ಲಿ ಆಯಿಲ್ ಒಳಗೆ ಬರುವುದೂ ಪೆಟ್ರೋಲಿನ ಜೊತೆಗೇ, ಪಿಸ್ಟನ್ನನ್ನು ತಂಪಾಗಿಡುವುದರಲ್ಲೂ ಆ ಮಿಶ್ರಣದ ಪಾಲಿದೆ. ಅದು ಕಮ್ಮಿಯಾದರೆ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ, ತಣ್ಣಗಾದಾಗ ಬಿಡುತ್ತದೆ. ಹಗ್ಗ ಬಿಗಿ ಅನಿಸಿದ್ದು ಇದಕ್ಕೇ ಇರಬಹುದು. ಮುಂದಿನ ಸಲ ಬಿಡದೇ ಪೂರ್ತಿ ಸೀಜ್ ಆಗಬಹುದು, ಅಥವಾ ಪಿಸ್ಟನ್ ತಲೆಯಲ್ಲಿ ತೂತು ಬೀಳಬಹುದು.

ಕಂಪ್ರೆಷನ್ ನೋಡಿ. ಎರಡೂ ಪ್ಲಗ್ ತೆಗೆದು, ಕ್ಯಾಪ್‌ಗಳನ್ನು ಅರ್ತ್ ಮಾಡಿ, ಪ್ಲಗ್ಗಿನ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ, ಥ್ರಾಟಲ್ ಪೂರ್ತಿ ಒತ್ತಿ ಹಿಡಿದು, ಗೇಜಿನ ಮುಳ್ಳು ಏರುವುದು ನಿಲ್ಲುವವರೆಗೆ ಎಳೆಯಿರಿ. 120 ಪಿಎಸ್‌ಐ ಸುತ್ತಮುತ್ತ ಇದ್ದರೆ ಹೆಚ್ಚಿನ ಇಂಜಿನ್‌ಗಳಿಗೆ ಚಿಂತೆಯಿಲ್ಲ. ಎತ್ತರದ ಜಾಗದಲ್ಲಿ ಅಂಕಿ ತಾನಾಗಿಯೇ ಇಳಿಯುತ್ತದೆ, ಹಾಗಾಗಿ ನಾನು ಅಂಕಿಗಿಂತ ಎರಡರ ನಡುವಿನ ಅಂತರವನ್ನೇ ನಂಬುತ್ತೇನೆ. ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಅಂತರ ಒಳ್ಳೆಯದಲ್ಲ. ಎಕ್ಸಾಸ್ಟ್ ಬಿಚ್ಚಿ ಟಾರ್ಚ್ ಹಾಕಿದರೆ ಪೋರ್ಟಿನಿಂದ ಪಿಸ್ಟನ್ನಿನ ಪಕ್ಕ ಕಾಣುತ್ತದೆ. ಉದ್ದುದ್ದ ಗೀರು ಕಂಡರೆ ಸಿಲಿಂಡರ್ ಬಿಚ್ಚಲೇಬೇಕು.

ಇನ್ನು ಯಾಕೆ ಹೀಗಾಯಿತು ಎಂಬುದು. ಒಂದೇ ಸಿಲಿಂಡರ್ ಬಿಳಿ ಎಂದರೆ ಆ ಬದಿಯದನ್ನೇ ಹುಡುಕಬೇಕು. ಕಾರ್ಬೊರೇಟರ್ ಮತ್ತು ಇಂಜಿನ್ ನಡುವಿನ ರಬ್ಬರನ್ನು ಕೈಯಲ್ಲಿ ಬಗ್ಗಿಸಿ ನೋಡಿ, ಬಿರುಕು ಮಡಿಕೆಯಲ್ಲೇ ಅಡಗಿರುತ್ತದೆ. ಜೆಟ್‌ಗಳನ್ನು (ಕಾರ್ಬೊರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗಗಳು) ಬಿಚ್ಚಿ ಬೆಳಕಿಗೆ ಹಿಡಿಯಿರಿ. ಪೈಲಟ್ ಜೆಟ್ಟಿನ ತೂತು ಕೂದಲೆಳೆಯಷ್ಟೇ ಇರುವುದರಿಂದ ಅದು ಮೊದಲು ಕಟ್ಟಿಕೊಳ್ಳುತ್ತದೆ, ಆದರೆ ವೇಗದಲ್ಲಿ ಓಡುವಾಗ ಪಿಸ್ಟನ್ ಸುಡುವಂತೆ ಮಾಡುವುದು ಕಟ್ಟಿಕೊಂಡ ಮುಖ್ಯ ಜೆಟ್. ಹಾಗಾಗಿ ಮಾರಿದವರ ಮಾತು ಪೂರ್ತಿ ಸುಳ್ಳಲ್ಲ ಅಲ್ವಾ!

ನನ್ನ ಅನುಮಾನ ಮಾತ್ರ ಕ್ಲಚ್ ಹಿಂದಿನ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟಿನ ಸುತ್ತ ಗಾಳಿ ಸೋರದಂತೆ ತಡೆಯುವ ಬಳೆ) ಮೇಲೆ. ಬೆಲ್ಟಿನ ಎಳೆತವೆಲ್ಲ ಆ ತುದಿಗೇ ಬೀಳುತ್ತದೆ. ಸೀಲ್ ಸವೆದರೆ ಅಲ್ಲಿಂದ ಬರೀ ಗಾಳಿ ಒಳಗೆ ಹೋಗುತ್ತದೆ. ಥ್ರಾಟಲ್ ಬಿಟ್ಟಾಗ ರೇಸ್ ಕೂಡಲೇ ಇಳಿಯದೆ ಮೇಲೇ ನೇತಾಡುತ್ತದೆಯೇ, ಗಮನಿಸಿದ್ದೀರಾ? ಖಚಿತವಾಗಿ ತಿಳಿಯಲು ಎಕ್ಸಾಸ್ಟ್, ಇನ್‌ಟೇಕ್, ಪೆಟ್ರೋಲ್ ಎಳೆಯುವ ಪಂಪಿಗೆ ಹೋಗುವ ಪಲ್ಸ್ ಪೈಪ್ ಎಲ್ಲ ಮುಚ್ಚಿ, ಒಳಗೆ 5, 6 ಪಿಎಸ್‌ಐ ಗಾಳಿ ತುಂಬಿ, ಸೋಪು ನೀರು ಹಚ್ಚಬೇಕು. ಗುಳ್ಳೆ ಎದ್ದ ಕಡೆ ಸೋರುತ್ತಿದೆ. ಅದಕ್ಕಿಂತ ಜಾಸ್ತಿ ಗಾಳಿ ತುಂಬಬೇಡಿ, ಒಳ್ಳೆಯ ಸೀಲ್ ಕೂಡ ಎದ್ದುಬಿಡುತ್ತದೆ.

—

ಒಂದು ಸೇರಿಸಲೇ? ನಿಮ್ಮ ಗಾಡಿಯಲ್ಲಿ ಆಯಿಲ್ ಪಂಪ್ ಇದ್ದರೆ, ಎಲ್ಲ ಜೋಡಿಸಿದ ಮೇಲೆ ಅದನ್ನು ಮರೆಯಬೇಡಿ. ಥ್ರಾಟಲ್ ಕೇಬಲ್ ಬಿಚ್ಚಿ ಹಾಕಿದಾಗ ಪಂಪಿನ ಕೇಬಲ್ಲೂ ಹೆಚ್ಚು ಕಮ್ಮಿ ಆಗಿರುತ್ತದೆ. ಪಂಪಿನ ಲಿವರ್ ಮೇಲಿನ ಗೆರೆ, ಬಾಡಿಯ ಮೇಲಿನ ಗೆರೆ ಮ್ಯಾನುಯಲ್ಲಿನಲ್ಲಿ ಹೇಳಿದ ಜಾಗದಲ್ಲಿ ಕೂಡಬೇಕು. ಆಯಿಲ್ ಪೈಪಿನಲ್ಲಿ ಗಾಳಿ ಗುಳ್ಳೆ ಇದ್ದರೆ ಬ್ಲೀಡ್ ಸ್ಕ್ರೂ ಸಡಿಲಿಸಿ ಪೂರ್ತಿ ಹೊರಗೆ ಬಿಡಿ. ಮೊದಲ ಟ್ಯಾಂಕಿಗೆ ಪೆಟ್ರೋಲಿನಲ್ಲೇ 50ಕ್ಕೆ 1ರಂತೆ ಟೂ ಸ್ಟ್ರೋಕ್ ಆಯಿಲ್ ಬೆರೆಸಿ ಹಾಕುತ್ತೇನೆ ನಾನು. ಹೊಗೆ ಜಾಸ್ತಿ ಬರುತ್ತದೆ, ಬರಲಿ. ಶೆಡ್ಡಿನ ಬಾಗಿಲು ಮಾತ್ರ ತೆರೆದಿರಲಿ, ಮತ್ತೆ ಬೆಲ್ಟ್ ಹಾಕದೆ ರೇಸ್ ಮಾಡಬೇಡಿ. ಲಿಕ್ವಿಡ್ ಕೂಲ್ಡ್ ಇಂಜಿನ್ ಆಗಿದ್ದರೆ ಹಿಮವಿಲ್ಲದ ಕಡೆ ನಿಲ್ಲಿಸಿಕೊಂಡು ಜಾಸ್ತಿ ಹೊತ್ತು ಓಡಿಸಬೇಡಿ. ಅದರ ರೇಡಿಯೇಟರ್ ಸಾಮಾನ್ಯವಾಗಿ ಟ್ರ್ಯಾಕಿನ ಮೇಲೆಯೇ ಇರುತ್ತದೆ, ಟ್ರ್ಯಾಕ್ ಎರಚುವ ಹಿಮದಿಂದಲೇ ತಂಪಾಗುತ್ತದೆ.